ಗಾಳಿಗೆ ಮುಖ ಮಾಡಿದವರು

ಮಸ್ಕಿಯ ಹವಾಲ್ದಾರ ಕರಿಬಸಯ್ಯನವರು ಯಾರೊಡನೆ ಮಾತಿಗೆ ನಿಂತರೂ ಗಾಳಿಗೆ ಮುಖ ಮಾಡಿಯೇ ನಿಲ್ಲುತ್ತಿದ್ದರು. ಮಾತು ಮುಗಿಯುವುದರೊಳಗೆ ಗಾಳಿ ದಿಕ್ಕು ಬದಲಿಸಿದರೆ ಅವರೂ ಮೆಲ್ಲಗೆ, ತಮಗೇ ಅರಿವಿಲ್ಲದಂತೆ, ಅತ್ತ ಹೊರಳುತ್ತಿದ್ದರು. ಮುಖ ನೋಡಿಯೇ ಮಾತಾಡಬೇಕೆಂಬ ಹಟವಿದ್ದವರು ಗುಡಿಗೆ ಪ್ರದಕ್ಷಿಣೆ ಹಾಕಿದಂತೆ ಅವರನ್ನು ಸುತ್ತಬೇಕಾಗುತ್ತಿತ್ತು. ಅಂಥ ಪ್ರದಕ್ಷಿಣೆಗಳನ್ನು ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ನಾನೂ ಸಾಕಷ್ಟು ಹಾಕಿದ್ದೇನೆ. ಪುಣ್ಯ ಬಂದದ್ದು ಕಾಣೆ, ಕಣ್ಣಿಗೆ ಧೂಳು ಬಿದ್ದದ್ದು ಮಾತ್ರ ನಿಜ. ತಹಸೀಲ್ದಾರರು ಪ್ರಶ್ನೆ ಕೇಳುತ್ತಿರುವಾಗಲೇ ಅವರಿಗೆ ಬೆನ್ನು ತಿರುಗಿಸಿ ವಿನಯದಿಂದ ಉತ್ತರ ಕೊಟ್ಟ ಪ್ರಜೆ ಇಡೀ ಲಿಂಗಸುಗೂರು ತಾಲೂಕಿನಲ್ಲಿ ಇವರೊಬ್ಬರೇ ಇರಬೇಕು. ಅದು ಉದ್ಧಟತನವಾಗಿರಲಿಲ್ಲ. ಆ ಕ್ಷಣದಲ್ಲಿ ಗಾಳಿ ಕಚೇರಿಯ ಬಾಗಿಲಿನಿಂದ ಬರುತ್ತಿತ್ತು, ಅಷ್ಟೆ.

ಹುಟ್ಟಿನಿಂದ ಅವರು ಜಂಗಮರು. ಊರಿನ ಅರ್ಧ ಮನೆಗಳಿಗೆ ಅವರ ಮನೆತನದ ಅಯ್ಯತನ. ತೊಟ್ಟಿಲಿಗೆ, ಮದುವೆಗೆ, ಮಣ್ಣಿಗೆ ಅವರ ಪಾದ ಬೇಕು. ಅಂಥವರು ತಾರುಣ್ಯದಲ್ಲಿ ವಿಭೂತಿಯ ಗಟ್ಟಿಯನ್ನು ತಮ್ಮನ ಕೈಗಿತ್ತು ಸೈನ್ಯ ಸೇರಿ, ವಿಮಾನದಿಂದ ಧುಮುಕುವವರ ದಳದಲ್ಲಿ ವರ್ಷಗಟ್ಟಲೆ ಆಕಾಶಕ್ಕೂ ನೆಲಕ್ಕೂ ಓಡಾಡಿ, ಎಂಬತ್ತರ ದಶಕದ ನಡುವಿನಲ್ಲಿ ಒಂದು ಪಿಂಚಣಿಯೊಂದಿಗೂ ಒಂದು ಹಸಿರು ಜಾಕೀಟಿನೊಂದಿಗೂ ಊರಿಗೆ ಮರಳಿದ್ದರು. ಮಸ್ಕಿಯ ಗುಡ್ಡದ ಬಂಡೆಗಳು ರೊಟ್ಟಿಯ ಹಂಚಿನಂತೆ ಕಾಯುವ ಬೇಸಿಗೆಯಲ್ಲೂ ಆ ಜಾಕೀಟು ಮೈಯಿಂದ ಇಳಿಯಲಿಲ್ಲ. ಅದರ ಕಾಲರಿನಿಂದ ಇಣುಕುವ ರುದ್ರಾಕ್ಷಿ, ಅದರ ಮೇಲೆ ಭಸ್ಮ ಹಚ್ಚಿದ ಹಣೆ, ನಡುವೆ ಗಾಳಿಯೊಡನೆ ನಿತ್ಯ ಜಗಳವಾಡಿ ಕೆಂಪಗಾದ ಎರಡು ಕಣ್ಣು. ಬಸ್ಸಿನಿಂದ ಅವರು ಇಳಿಯುತ್ತಿರಲಿಲ್ಲ, ಭೂಸ್ಪರ್ಶ ಮಾಡುತ್ತಿದ್ದರು. ಪಾದಗಳೆರಡನ್ನೂ ಜೋಡಿಸಿ, ಮೊಣಕಾಲು ತುಸು ಮಡಿಸಿ, ಗದ್ದ ಎದೆಗೊತ್ತಿ, ಕೊನೆಯ ಮೆಟ್ಟಿಲಿನಿಂದ ಧುಪ್ಪನೆ.

"ಜಾಗಾ ಬಿಡ್ರಿ, ಜಾಗಾ! ಹವಾಲ್ದಾರ ಸಾಹೇಬ್ರು ಇಳ್ಯಾಕತ್ತಾರ!" ಎಂದು ಕಂಡಕ್ಟರ್ ಲಾಲ್‌ಸಾಬ್ ಕೂಗುವುದು, ಹುಡುಗರು ಚಪ್ಪಾಳೆ ತಟ್ಟುವುದು, ಅವರು ಅದನ್ನು ಗೌರವವೆಂದೇ ತಿಳಿದು ತಲೆಬಾಗುವುದು ನಿತ್ಯದ ಸಂಗತಿಯಾಗಿತ್ತು. ಮನೆಯಲ್ಲಿ ಇಷ್ಟು ಗೌರವ ಸಿಗುತ್ತಿರಲಿಲ್ಲ. "ಆಕಾಶದಾಗಿಂದ ಇಳದು ಬಂದಾರಂತ. ಅಟ್ಟದ ಮ್ಯಾಲಿನ ಬೆಲ್ಲದ ಡಬ್ಬಿ ಇಳಸಿ ಕೊಡ್ರಿ ಅಂದ್ರ ಸೊಂಟ ಹಿಡದದ ಅಂತಾರ" ಎನ್ನುತ್ತಿದ್ದರು ಪತ್ನಿ ಕಸ್ತೂರೆಮ್ಮ, ಚಹದ ಬಟ್ಟಲನ್ನು ನನ್ನ ಮುಂದೆ ಇಡುತ್ತ.

ನಾನು ಲಿಂಗಸುಗೂರಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಕೊಂಡು, ಉಳಿದ ವೇಳೆಯಲ್ಲಿ ಪತ್ರಿಕೆಗಳಿಗೆ ನಗೆಬರಹ ಬರೆದು, ಓದಿದವರು ನಕ್ಕರೋ ಇಲ್ಲವೋ ಎಂಬ ಚಿಂತೆಯಲ್ಲಿ ದಪ್ಪಗಾದವನು. ಒಮ್ಮೆ ಅಂಗಿಯ ಬಟ್ಟೆ ಕೊಳ್ಳಲು ಕರಿಬಸಯ್ಯನವರನ್ನು ಮಹಮ್ಮದಸಾಬರ ಅಂಗಡಿಗೆ ಕರೆದೊಯ್ದು ಕೆಟ್ಟೆ. ಬಿಚ್ಚಿಟ್ಟ ಥಾನಿನ ಅಂಚನ್ನು ಅವರು ತುಟಿಗೊತ್ತಿಕೊಂಡು, ಕೆನ್ನೆ ಉಬ್ಬಿಸಿ, ಶಂಖ ಊದಿದಂತೆ ಊದಿದರು.

"ಗಾಳಿ ಬಿಡತದ. ಬ್ಯಾಡ."

"ಸಾಹೇಬ್ರ, ಇದು ಅಂಗಿ ಅರಿವಿ," ಎಂದರು ಮಹಮ್ಮದಸಾಬ, ಉಗುಳು ಒರೆಸಿಕೊಳ್ಳುತ್ತ. "ಇದನ್ನ ಹಾಕ್ಕೊಂಡು ಮಾಸ್ತರು ಎಲ್ಲಿಂದನೂ ಹಾರಂಗಿಲ್ಲ."

"ಹಾರಂಗಿಲ್ಲಂತ ನೀ ಹೆಂಗ ಭರೋಸಾ ಕೊಡ್ತಿ? ಮಾಳಿಗಿ ಹತ್ತಂಗಿಲ್ಲೇನು ಅವರು?"

ಈ ಅಭ್ಯಾಸದ ಹಿಂದೆ ಒಂದು ಶಾಸ್ತ್ರವಿತ್ತು. ಛತ್ರಿಯ ಅರಿವೆ ಹಳೆಯದಾದಂತೆ ಉಸಿರು ಬಿಡಲು ತೊಡಗುತ್ತದೆ, ಅದು ಬಿಡುವ ಪ್ರತಿ ಉಸಿರೂ ನಮ್ಮ ಲೆಕ್ಕದಿಂದ ಹೋಗುತ್ತದೆ ಎಂದು ಅವರ ವಾದ. ಪ್ಯಾರಾಶೂಟ್ ಎಂಬ ಶಬ್ದ ಅವರಿಗೆ ರುಚಿಸುತ್ತಿರಲಿಲ್ಲ. ಛತ್ರಿ ಎಂದೇ ಅನ್ನುತ್ತಿದ್ದರು. ಮನೆಯ ಹಿತ್ತಲಿನ ಬೇವಿನ ಮರಕ್ಕೆ ಪಟ್ಟಿಗಳ ಜೋಲಿಯೊಂದನ್ನು ತೂಗುಬಿಟ್ಟು, ಎಡಕ್ಕೊಂದು ಬಲಕ್ಕೊಂದು ಕಟ್ಟಿಗೆಯ ಹಿಡಿಕೆ ಕಟ್ಟಿ, ಬಂದುಹೋದವರಿಗೆಲ್ಲ ಆಕಾಶದಿಂದ ಇಳಿಯುವ ವಿದ್ಯೆಯನ್ನು ಕೇಳದಿದ್ದರೂ ಕಲಿಸುತ್ತಿದ್ದರು. ಬಲ ಹಿಡಿಕೆ ಜಗ್ಗಿದರೆ ಬಲಕ್ಕೆ, ಎಡ ಜಗ್ಗಿದರೆ ಎಡಕ್ಕೆ, ಎರಡನ್ನೂ ಜಗ್ಗಿದರೆ ಓಟ ತಗ್ಗುತ್ತದೆ. ನನ್ನನ್ನು ಆ ಜೋಲಿಯಲ್ಲಿ ಕೂರಿಸಿದ ದಿನ ಬೇವಿನ ಟೊಂಗೆ ತನ್ನ ಭಾಷೆಯಲ್ಲಿ ಪ್ರತಿಭಟಿಸಿತು. "ಮಾಸ್ತರ, ನಿಮ್ಮ ತೂಕಕ್ಕ ಛತ್ರಿ ಹೊಲಸಬೇಕಂದ್ರ ಒಂದು ಊರಿನ ದರ್ಜಿಗಳು ಸಾಲಂಗಿಲ್ಲ," ಎಂದು ಅವರೇ ನನ್ನನ್ನು ಇಳಿಸಿದರು. ನಮ್ಮ ನಡುವಿನ ಸ್ನೇಹ ಉಳಿಯಲು ಆ ತೀರ್ಪೇ ಕಾರಣವೆಂದು ನಾನು ನಂಬಿದ್ದೇನೆ.

ಒಂದು ಪಾಠವನ್ನಂತೂ ಅವರು ಸಂಧ್ಯಾವಂದನೆಯಂತೆ ಮತ್ತೆ ಮತ್ತೆ ಹೇಳುತ್ತಿದ್ದರು. "ಇಳಿಯೋ ಮುಂದ ಗಾಳಿಗೆ ಮುಖ ಮಾಡಬೇಕು. ಗಾಳಿ ನಿಮ್ಮನ್ನ ತಡದು ನಿಲ್ಲಸತದ. ಗಾಳಿಗೆ ಬೆನ್ನು ಕೊಟ್ಟಿರೋ, ಅದು ನೂಕತದ. ಓಡೋ ಬಸ್ಸಿನಾಗಿಂದ ಜಿಗಿದಂಗ. ಮತ್ತ ನೆಲ ಹತ್ರ ಬಂದ ಮ್ಯಾಲ ತಿರುಗಬಾರದು. ಎದುರಿಗೆ ಮುಳ್ಳುಕಂಟಿ ಇರಲಿ, ತಿಪ್ಪಿ ಇರಲಿ, ನೆಟ್ಟಗ ಹೋಗಿ ಬೀಳ್ರಿ. ತಿರುಗಿದಿರಿ ಅಂದ್ರ ಛತ್ರಿ ಕವಣಿ ಆಗತದ, ನೀವು ಅದರಾಗಿನ ಕಲ್ಲು." ಸಂತೆಕಲ್ಲೂರಿನ ಜೋಳದ ಹೊಲಗಳಲ್ಲಿ ಹಕ್ಕಿ ಕಾಯುವವರು ಕವಣೆ ಬೀಸುವುದನ್ನು ಕಂಡವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿರಲಿಲ್ಲ.

ಈ ಮಾತನ್ನು ಶ್ರದ್ಧೆಯಿಂದ ಕೇಳಿದ ಒಬ್ಬನೇ ಶಿಷ್ಯ ಪಂಪಣ್ಣ. ಸಿಂಧನೂರಿನ ಅಕ್ಕಿ ಗಿರಣಿಯ ಮಾಲೀಕ ದೊಡ್ಡಬಸಪ್ಪನವರ ಹಿರಿಯ ಮಗ. ಪದವಿ ಮುಗಿಸಿ ಗಿರಣಿಯ ತೌಡಿನ ಧೂಳಿನಲ್ಲಿ ನಿಂತಿದ್ದ ತರುಣ. ದೊಡ್ಡಬಸಪ್ಪನವರ ಎದುರು ಅವನು ಕುರ್ಚಿಯಲ್ಲಿ ಕುಳಿತದ್ದನ್ನು ಯಾರೂ ಕಂಡಿರಲಿಲ್ಲ. ಅಪ್ಪನ ಕೋಣೆಯಿಂದ ಹೊರಡುವಾಗ ಬೆನ್ನು ತೋರಿಸದೆ, ಹಿಂದೆ ಹಿಂದೆ ಸರಿದು ಹೊಸ್ತಿಲು ದಾಟುವುದು ಆ ಮನೆಯ ಮಕ್ಕಳೆಲ್ಲ ಕಲಿತ ಮೊದಲ ನಡಿಗೆ. ಅಂಥವನು ಮಸ್ಕಿಯ ಬೇವಿನ ಮರದಲ್ಲಿ ತೂಗುತ್ತಿರುವಾಗ ಮಾತ್ರ ಬಾಯ್ತುಂಬ ನಗುತ್ತಿದ್ದ. ಕರಿಬಸಯ್ಯನವರು ಅವನನ್ನು ಎರಡು ಚಳಿಗಾಲ ಹೈದರಾಬಾದಿನಾಚೆಯ ಒಂದು ಹಾರಾಟದ ಕ್ಲಬ್ಬಿಗೆ ಕರೆದೊಯ್ದು ನಿಜವಾದ ಆಕಾಶದಿಂದಲೇ ಇಳಿಸಿಕೊಂಡು ಬಂದರು. ಮಗ ಹಾರುತ್ತಾನೆಂಬ ಸುದ್ದಿ ದೊಡ್ಡಬಸಪ್ಪನವರನ್ನು ಮೊದಲು ಸಿಟ್ಟಿಗೆಬ್ಬಿಸಿತು. ಊರು ಹೊಗಳಲು ತೊಡಗಿದ ಮೇಲೆ ಅವರೇ ಹಾರುತ್ತಿರುವಂತೆ ಓಡಾಡಿದರು.

ಛತ್ರಿ ಕೊಳ್ಳುವಾಗ ಜಗಳ ಬಂತು. ದೊಡ್ಡಬಸಪ್ಪನವರ ಪರಿಚಿತರೊಬ್ಬರು ಪರದೇಶದ ಒಂದು ಛತ್ರಿಯನ್ನು ತೋರಿಸಿದ್ದರು: ಚಿಕ್ಕದು, ಕೇಸರಿ-ಬಿಳಿ ಪಟ್ಟೆಯದು, ಮಡಚಿದರೆ ಕಂಕುಳಲ್ಲಿ ಹಿಡಿಯುವಂಥದು. ಕರಿಬಸಯ್ಯನವರು ಆರಿಸಿದ್ದು ಮಾಸಿದ ನೀಲಿಯ, ಅಗಲವಾದ, ಗಂಭೀರವಾದ ಇನ್ನೊಂದನ್ನು.

"ಅಯ್ನೋರ, ನನ್ನ ಮಗ ಡೇರೆ ಹೊತಗೊಂಡು ಇಳೀಬೇಕೇನ್ರಿ? ಸರ್ಕಸ್ ಬಂತು ಅಂತಾರ ಮಂದಿ."

"ಅನ್ನಲ್ರಿ. ಸಣ್ಣದು ಓಡತದ, ದೊಡ್ಡದು ತಡೀತದ. ಹೊಸಬನ ಕೈ ತಪ್ಪು ಮಾಡತದ ಸಾಹುಕಾರ್ರ. ಆ ತಪ್ಪನ್ನ ದೊಡ್ಡ ಛತ್ರಿ ಮಾಫ್ ಮಾಡತದ, ಸಣ್ಣದು ಮಾಡಂಗಿಲ್ಲ. ತೂಕ ನೋಡಿ ಛತ್ರಿ, ಮಂದಿ ನೋಡಿ ಅಲ್ಲ."

ಅಂದು ಗೆದ್ದವರು ಕರಿಬಸಯ್ಯನವರೇ. ಆ ಗೆಲುವಿನ ಬೆಲೆ ಏನೆಂಬುದು ಆಮೇಲೆ ತಿಳಿಯಿತು, ತಿಳಿದದ್ದು ನನ್ನನ್ನೂ ಸೇರಿಸಿ ಮೂವರಿಗೆ ಮಾತ್ರ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲೊಂದು ಜನವರಿ. ದೊಡ್ಡಬಸಪ್ಪನವರು ಸ್ವಾಗತ ಸಮಿತಿಯ ಅಧ್ಯಕ್ಷರಾಗಿದ್ದ ಒಂದು ವಸತಿಶಾಲೆಯ ಉದ್ಘಾಟನೆ. ಮಠದ ಸ್ವಾಮಿಗಳು, ಎಲ್ಲರ ಬಾಯಲ್ಲಿ ಅಜ್ಜಾರು, ದಯಮಾಡಿಸುವವರು. ಅವರ ಸಮ್ಮುಖದಲ್ಲಿ ಪಂಪಣ್ಣ ಆಕಾಶದಿಂದ ಇಳಿದು ಹಾರ ಹಾಕುವುದೆಂದು ಗೊತ್ತಾಯಿತು. ಕೊಯ್ಲು ಮುಗಿದ ಬತ್ತದ ಗದ್ದೆಯ ಪಡುವಣ ಅಂಚಿನಲ್ಲಿ, ಪೂರ್ವಕ್ಕೆ ಮುಖವಾಗಿ ವೇದಿಕೆ ಎದ್ದಿತು. ಅದನ್ನು ಕಂಡು ಕರಿಬಸಯ್ಯನವರು ಸಮಿತಿಯ ಸಭೆಗೆ ನುಗ್ಗಿದರು.

"ಈ ದಿನಮಾನದಾಗ ಗಾಳಿ ಮೂಡಲದಿಂದ ಬರತದ. ಹುಡುಗ ಮೂಡಲಕ್ಕ ಮುಖ ಮಾಡಿ ಇಳೀಬೇಕು. ಅಂದ್ರ ಅಜ್ಜಾರ ಕಡೆ ಬೆನ್ನು ಬರತದ. ವೇದಿಕಿ ಆ ಕಡೆ ಅಂಚಿಗೆ ಹಾಕ್ರಿ."

"ಆ ಕಡೆ ಹಾಕಿದ್ರ ಅಜ್ಜಾರು ಪಡುವಣಕ್ಕ ಮುಖ ಮಾಡಿ ಕುಂದ್ರಬೇಕೇನ್ರಿ? ಸಂಜಿ ಬಿಸಲು ಕಣ್ಣಿಗೆ ಹೊಡೀಲೇನು?" ದೊಡ್ಡಬಸಪ್ಪನವರು ನಕ್ಕರು. "ನೀವು ಜಂಗಮರು. ಒಂದಿನದ ಮಟ್ಟಿಗೆ ಪಡುವಣದಿಂದ ಬಾ ಅಂತ ಗಾಳಿಗೆ ಅಪ್ಪಣಿ ಕೊಡ್ರಿ."

ಸಭೆ ನಕ್ಕಿತು. ಅಲ್ಲಿಯೇ ಅವರು 'ಹಾಗಾದರೆ ಹಾರಾಟವಿಲ್ಲ' ಎಂದು ಎದ್ದುಬರಬಹುದಿತ್ತು, ಬರಲಿಲ್ಲ. ತಮ್ಮ ಶಿಷ್ಯ ತಮ್ಮ ನಾಡಿನ ಆಕಾಶದಿಂದ ಇಳಿಯುವುದನ್ನು ಕಾಣುವ ಆಸೆ ಅವರಿಗೂ ಇತ್ತು. ಜಾಕೀಟಿಗೆ ಇಸ್ತ್ರಿ ಹಾಕಿಸಿದ್ದರು. ಪಂಪಣ್ಣನನ್ನು ಗದ್ದೆಯ ನಡುವೆ ನಿಲ್ಲಿಸಿ, ಭುಜ ಹಿಡಿದು ಮೂಡಲಕ್ಕೆ ತಿರುಗಿಸಿ, "ಹಿಂದ ಯಾರರೆ ಇರಲಿ, ನಿನ್ನ ಮುಖ ಹಿಂಗ. ತಿಳೀತಿಲ್ಲೋ?" ಎಂದರು. "ತಿಳೀತ್ರಿ ಅಯ್ನೋರ," ಎಂದ ಅವನು.

ಸಂಜೆಯ ಹೊತ್ತಿಗೆ ದಢೇಸುಗೂರಿನಿಂದ, ಬಳಗಾನೂರಿನಿಂದ ಜನ ಟ್ರಾಕ್ಟರುಗಳಲ್ಲಿ ಬಂದು ತುಂಬಿದ್ದರು. ನಾನು ವೇದಿಕೆಯ ಎರಡನೆಯ ಸಾಲಿನಲ್ಲಿ, ಸಾಹಿತಿಗಳಿಗೆಂದು ಇಟ್ಟ ಕೈಮುರಿದ ಕುರ್ಚಿಯಲ್ಲಿದ್ದೆ. ಕ್ಲಬ್ಬಿನ ಸಣ್ಣ ವಿಮಾನ ಒಂದು ಸುತ್ತು ಹಾಕಿತು; ಒಂದು ಚುಕ್ಕೆ ಕಳಚಿತು; ಚುಕ್ಕೆಯ ಮೇಲೆ ನೀಲಿ ಅರಳಿತು. ಜನ ಹೋ ಎಂದರು. ಅವನು ಎಷ್ಟು ಚೆಂದ ಬಂದನೆಂದರೆ, ಏನೂ ಅರಿಯದ ನನಗೂ ಅದು ಕಲಿತವನ ಕೈ ಎಂದು ಗೊತ್ತಾಯಿತು. ಕಾಲುವೆಯ ಮೇಲೆ ಅಗಲವಾಗಿ ತಿರುಗಿ, ವೇದಿಕೆಯ ನೆತ್ತಿಯನ್ನು ದಾಟಿ, ಮೂಡಲಕ್ಕೆ ಮುಖ ಮಾಡಿ, ನಿಧಾನವಾಗಿ, ಗುರು ಹೇಳಿದ ಅಕ್ಷರ ತಪ್ಪದಂತೆ ಇಳಿಯತೊಡಗಿದ. ನಮಗೆ ಕಾಣುತ್ತಿದ್ದದ್ದು ಅವನ ಬೆನ್ನು.

ದೊಡ್ಡಬಸಪ್ಪನವರು ಮೈಕಿಗೆ ಹಾರಿದರು.

"ಏ ಪಂಪಾ! ಅಜ್ಜಾರಿಗೆ ಬೆನ್ನು ಮಾಡಿಯಲ್ಲೋ! ತಿರುಗಲೇ, ಈ ಕಡೆ ತಿರುಗು!"

ಧ್ವನಿವರ್ಧಕಗಳು ಆ ಮಾತನ್ನು ಗದ್ದೆಯ ನಾಲ್ಕೂ ಮೂಲೆಗಳಿಂದ ಎತ್ತಿ ಎಸೆದವು. ಕೆಳಗೆ ಹಸಿರು ಜಾಕೀಟೊಂದು ಕೈಗಳೆರಡನ್ನೂ ಬೀಸುತ್ತ ಕೂಳೆಗಳ ಮೇಲೆ ಓಡುತ್ತಿತ್ತು. "ಬ್ಯಾಡ, ಬ್ಯಾಡ" ಎಂದಿರಬೇಕು, ಬಾಯಿ ತೆರೆದದ್ದು ಕಂಡಿತು, ಮಾತು ನಮಗೆ ತಲುಪಲಿಲ್ಲ. ಪಂಪಣ್ಣ ಬೇವಿನ ಮರದಷ್ಟು ಎತ್ತರದಲ್ಲಿದ್ದ. ಬಲಗೈ ಕೆಳಗೆ ಬಂತು. ನೀಲಿ ಛತ್ರಿ ವಾಲಿತು, ಅದರಡಿ ಅವನ ದೇಹ ಹೊರಕ್ಕೆ ಬೀಸಿತು, ಮುಖ ನಮ್ಮ ಕಡೆ ಬಂತು, ಬೆನ್ನ ಹಿಂದಿನ ಗಾಳಿ ಅವನನ್ನು ನೆಲಕ್ಕೆ ಹೊಡೆಯಿತು.

ಅಜ್ಜಾರು ಇದನ್ನು ನೋಡಲಿಲ್ಲ. ಪಾದಕ್ಕೆ ಬಿದ್ದ ಭಕ್ತರೊಬ್ಬರ ತಲೆಯ ಮೇಲೆ ಕೈಯಿಟ್ಟು ಆ ಹೊತ್ತಿನಲ್ಲಿ ಅವರು ಕೆಳಗೆ ಬಾಗಿದ್ದರು.

ಪ್ರಾಣ ಉಳಿಯಿತು, ಸೊಂಟ ಮುರಿಯಿತು, ಬಲಗಾಲು ಮತ್ತೆ ನೆಟ್ಟಗಾಗಲಿಲ್ಲ. ಊರು ತೀರ್ಪು ಕೊಡಲು ಆಸ್ಪತ್ರೆಯ ವಾರ್ತೆಗೂ ಕಾಯಲಿಲ್ಲ. ಕಲಿಸಿದವನದು ತಪ್ಪು. ಹಿರಿಯರಿಗೆ ಬೆನ್ನು ತೋರಿಸುವುದನ್ನೇ ವಿದ್ಯೆಯೆಂದು ಕಲಿಸಿದ. ಅಜ್ಜಾರಿಗೇ ಅಪಚಾರ ಮಾಡಿಸಹೊರಟ. ಹುಡುಗ ದೈವಭಕ್ತ, ಕೊನೆಯ ಗಳಿಗೆಯಲ್ಲಿ ತಿರುಗಿಕೊಂಡ. ಅದಕ್ಕೇ ಜೀವ ಉಳಿಯಿತು! ದೊಡ್ಡಬಸಪ್ಪನವರು ಗಿರಣಿಗೆ ಬಂದವರಿಗೆಲ್ಲ, ಊರುಗೋಲು ಒರಗಿಸಿಕೊಂಡು ಕುಳಿತ ಮಗನನ್ನು ತೋರಿಸಿ, "ಸಾಯೋ ಹೊತ್ತಿನ್ಯಾಗೂ ಅಜ್ಜಾರಿಗೆ ಬೆನ್ನು ಮಾಡಲಿಲ್ಲ ನನ್ನ ಮಗ," ಎನ್ನುತ್ತಿದ್ದರು. ಆಗ ಅವರ ಕಣ್ಣಲ್ಲಿ ನೀರು ಬರುತ್ತಿದ್ದದ್ದು ಸುಳ್ಳಲ್ಲ. ಆ ಕಥೆಯನ್ನು ಬಿಟ್ಟರೆ ಅವರು ನಿಲ್ಲಲು ಬೇರೆ ನೆಲವೂ ಇರಲಿಲ್ಲ.

ಮಸ್ಕಿಯಲ್ಲಿ ಕರಿಬಸಯ್ಯನವರನ್ನು ತೊಟ್ಟಿಲಿಗೆ ಕರೆಯುವುದು ನಿಂತಿತು, ಆಮೇಲೆ ಮದುವೆಗೆ, ಮಣ್ಣಿಗೂ ತಮ್ಮನನ್ನೇ ಕರೆದರು. ಲಾಲ್‌ಸಾಬ್ ಬಸ್ಸಿನ ಬಾಗಿಲಲ್ಲಿ ಕೂಗುವುದನ್ನು ಬಿಟ್ಟ. ಅವರು ಧುಪ್ಪನೆ ಇಳಿದರೆ ಈಗ ಮೌನವಿರುತ್ತಿತ್ತು. ಕಸ್ತೂರೆಮ್ಮನವರು ಬೇವಿನ ಮರದ ಜೋಲಿಯನ್ನು ಬಿಚ್ಚಿಸಿ, ಅಟ್ಟದ ಮೇಲೆ ಬೆಲ್ಲದ ಡಬ್ಬಿಯ ಪಕ್ಕಕ್ಕೆ ಎಸೆದರು. ಎಸೆಯುವ ಮೊದಲು ಪಟ್ಟಿಗಳ ಧೂಳನ್ನು ಸೆರಗಿನಿಂದ ಕೊಡವಿದ್ದನ್ನು ನಾನು ಕಂಡೆ.

ಕೆಲವು ವರ್ಷಗಳ ಮೇಲೆ ನಾನೂ ಅವರೂ ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಪಂಪಣ್ಣ ಊರುಗೋಲೂರುತ್ತ ತಾನೇ ಹತ್ತಿರ ಬಂದ. ಬಾಗಿ ಪಾದ ಮುಟ್ಟಲು ಹೋದ, ಸೊಂಟ ಒಪ್ಪಲಿಲ್ಲ. ಯೋಗಕ್ಷೇಮದ ಮಾತುಗಳು ಅವರಿಗೆ ಎಂದೂ ಬರುತ್ತಿರಲಿಲ್ಲ.

"ತಿರುಗಬಾರದು ಅಂತ ಗೊತ್ತಿತ್ತಿಲ್ಲೋ ನಿನಗ?"

"ಗೊತ್ತಿತ್ರಿ ಅಯ್ನೋರ."

"ಮತ್ತ?"

"ಅಪ್ಪ ಒದರಿದ್ರು. ಕೈ ತಾನ ಜಗ್ಗಿಬಿಡ್ತು."

ಕರಿಬಸಯ್ಯನವರು ಊರುಗೋಲು ಹಿಡಿದ ಆ ಕೈಯನ್ನೇ ನೋಡಿದರು.

"ಸಣ್ಣ ಛತ್ರಿ ಇದ್ದಿದ್ರ ಉಳೀತಿದ್ದಿಲ್ಲ ನಾನು," ಎಂದ ಪಂಪಣ್ಣ, ತಗ್ಗಿದ ದನಿಯಲ್ಲಿ. "ಅದು ನನಗ ಗೊತ್ತದ."

"ಮನ್ಯಾಗ ಹೇಳೀಯೇನು?"

"ಹೆಂಗ ಹೇಳ್ಲ್ರಿ?"

ಅವರು ತಲೆಯಾಡಿಸಿದರು. ಒಪ್ಪಿಗೆಯೋ ಅಲ್ಲವೋ ನನಗೆ ತಿಳಿಯಲಿಲ್ಲ. ಏಕೆಂದರೆ ಅಷ್ಟರಲ್ಲಿ ಗಾಳಿ ತಿರುಗಿತು, ಅವರೂ ಹೊರಳಿದರು. ಅವರ ಮುಖಕ್ಕಾಗಿ ಸುತ್ತು ಬರಲು ಪಂಪಣ್ಣನ ಊರುಗೋಲಿಗೆ ಆಗಲಿಲ್ಲ. ಕಾಲು ನೆಟ್ಟಗಿದ್ದ ನಾನೂ ಅಂದು ಸುತ್ತು ಬರಲಿಲ್ಲ. ಹಸಿರು ಜಾಕೀಟಿನ ಬೆನ್ನು ಒಮ್ಮೆ ನಡುಗಿದ್ದನ್ನು ಮಾತ್ರ ಇಬ್ಬರೂ ನೋಡಿದೆವು.

ಇಂಥವರು ನಮ್ಮ ಸೀಮೆಯಲ್ಲಿ ಊರಿಗೊಬ್ಬರು ಹುಟ್ಟುತ್ತಾರೆ. ಅವರಿಗೆ ಗೊತ್ತಿರುವುದು ಒಂದೇ ಸಂಗತಿ; ಅದನ್ನು ಹೊತ್ತಿಲ್ಲದ ಹೊತ್ತಿನಲ್ಲಿ ಹೇಳಿ ಜನರ ತಲೆ ತಿನ್ನುತ್ತಾರೆ, ನಗೆಪಾಟಲಾಗುತ್ತಾರೆ, ನನ್ನಂಥವರ ಬರಹಕ್ಕೆ ಸರಕಾಗುತ್ತಾರೆ. ಅವರು ಒಂದು ಜೀವ ಉಳಿಸಿದರೆ ಅದು ದೇವರ ಲೆಕ್ಕಕ್ಕೆ ಹೋಗುತ್ತದೆ. ಉಳಿಸಲಾಗದೆ ಹೋದ ಕಾಲು ಅವರ ಲೆಕ್ಕಕ್ಕೆ ಬರುತ್ತದೆ. ಬೀಸುವ ಗಾಳಿಗೆ ಮುಖ ಮಾಡಿ ನಿಲ್ಲುವವನ ಬೆನ್ನು ಯಾರಾದರೊಬ್ಬ ದೊಡ್ಡವರ ಕಡೆಗೆ ಇದ್ದೇ ಇರುತ್ತದೆ. ನಾವೆಲ್ಲ ಕುಳಿತಿರುವುದು ಆ ದೊಡ್ಡವರ ಹಿಂದಿನ ಸಾಲಿನಲ್ಲಿ. ಅಲ್ಲಿಂದ ಅವನ ಮುಖ ಕಾಣುವುದಿಲ್ಲ.