ಬಾಯಿಗೆ ಕುಂಕುಮ

ನಾನೊಂದು ಪಿಸ್ತೂಲು. ಹೆದರಬೇಡಿ; ನನ್ನ ಹೊಟ್ಟೆಯಲ್ಲಿ ಗುಂಡೂ ಇಲ್ಲ, ಮದ್ದೂ ಇಲ್ಲ. ಟ್ರಿಗ್ಗರ್ ಎಳೆದರೆ ನನ್ನಿಂದ ಹೊರಡುವುದು ಕೆಂಪು ಲೇಸರ್ ಬೆಳಕಿನ ಒಂದು ಮಿಡಿತ, ಅಷ್ಟೇ. ಹತ್ತು ಮೀಟರ್ ದೂರದ ಗುರಿಪೆಟ್ಟಿಗೆಯ ಕಪ್ಪು ವೃತ್ತದ ನಡುವೆ ಆ ಬೆಳಕು ಬಿದ್ದರೆ ಅಲ್ಲೊಂದು ಹಸಿರು ದೀಪ ಹತ್ತುತ್ತದೆ. ನಾನು ಬದುಕಿನಲ್ಲಿ ಮಾಡಿದ್ದೇನು ಎಂದು ಯಾರಾದರೂ ಕೇಳಿದರೆ ಆ ಹಸಿರು ದೀಪಗಳನ್ನು ತೋರಿಸಬೇಕು, ಬೇರೇನೂ ಇಲ್ಲ.

ಹುಟ್ಟಿದ್ದು ದೂರದ ಚಳಿ ದೇಶದ ಸಣ್ಣ ಕಾರ್ಖಾನೆಯಲ್ಲಿ. ಬಿಳಿ ಕೈಗವಸು ತೊಟ್ಟ ಹೆಂಗಸೊಬ್ಬಳು ಅವರೆಕಾಳಿನಷ್ಟು ಗಾತ್ರದ ಮಸೂರವನ್ನು ನನ್ನ ನಳಿಗೆಯ ತುದಿಯಲ್ಲಿ ಕೂರಿಸಿದಳು. ಕೂರಿಸುವಾಗ ಉಸಿರು ಹಿಡಿದಿದ್ದಳು. ಬೆಳಕು ಹರಡಿಕೊಳ್ಳುವ ವಸ್ತು. ಅದನ್ನು ದಾರದಂತೆ ನೇರವಾಗಿ ಕಳಿಸುವುದು ಆ ಮಸೂರದ ಕೆಲಸ. ಅದರ ಮೇಲೆ ಕೊಳೆ ಕೂತರೆ ಬೆಳಕು ಚೆದುರುತ್ತದೆ, ಗುರಿಪೆಟ್ಟಿಗೆ ಅದನ್ನು ಗುರುತಿಸುವುದಿಲ್ಲ. 'ಮಸೂರವನ್ನು ಮುಟ್ಟಬಾರದು' ಎಂದು ನನ್ನ ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ನಾಲ್ಕು ಭಾಷೆಗಳಲ್ಲಿ ಬರೆದಿತ್ತು. ಕನ್ನಡದಲ್ಲಿ ಇರಲಿಲ್ಲ.

ನನ್ನನ್ನು ತರಿಸಿಕೊಂಡವರು ಪುಣೆಯಲ್ಲಿ ಸೇನೆಯಲ್ಲಿದ್ದ ಹವಾಲ್ದಾರ್ ಬೆಟ್ಟಸ್ವಾಮಿ. ಊರು ಶ್ರೀರಂಗಪಟ್ಟಣದ ಹತ್ತಿರ. ಅವರ ಆಟದ ಹೆಸರು ಮಾಡರ್ನ್ ಪೆಂಟಾಥ್ಲಾನ್. ಒಬ್ಬರೇ ಐದು ವಿದ್ಯೆ ಕಲಿತಿರಬೇಕಾದ ಆಟ ಅದು: ಕತ್ತಿವರಸೆ, ಈಜು, ಕುದುರೆ ಸವಾರಿ, ಓಟ, ಗುರಿ. ಈಗ ಕುದುರೆಯ ಜಾಗಕ್ಕೆ ಅಡೆತಡೆಗಳನ್ನು ಹತ್ತಿ, ಜಿಗಿದು ದಾಟುವ ಓಟ ಬಂದಿದೆ. ಬೆಟ್ಟಸ್ವಾಮಿಯವರ ಕಾಲದಲ್ಲಿ ಕುದುರೆಯೇ ಇತ್ತು. ಅದು ಒಂದು ದಿನ ಅವರನ್ನು ಬೀಳಿಸಿತು. ಮಂಡಿ ಮತ್ತೆ ಮೊದಲಿನಂತಾಗಲಿಲ್ಲ, ಕೈಗೆ ಊರುಗೋಲು ಬಂತು. ಸೇನೆಯಿಂದ ನಿವೃತ್ತರಾಗಿ ನನ್ನನ್ನು ಟ್ರಂಕಿನಲ್ಲಿಟ್ಟುಕೊಂಡು ಊರಿಗೆ ಹೊರಟರು. ಮೈಸೂರು ರೈಲು ನಿಲ್ದಾಣದಲ್ಲಿ ಪೇದೆಯೊಬ್ಬ ಟ್ರಂಕ್ ತೆಗೆಸಿ ಎರಡು ಹೆಜ್ಜೆ ಹಿಂದೆ ಸರಿದ.

"ಏನ್ರೀ ಇದು, ಗನ್ನಾ?"

"ಗನ್ನಲ್ಲ ಸಾ, ಲೈಟು."

"ಲೈಟ್‌ಗ್ಯಾಕ್ರೀ ಟ್ರಿಗ್ಗರು? ನಮ್ಮನೇಲೂ ಲೈಟವೆ, ಸ್ವಿಚ್ ಅದೆ."

ಬೆಟ್ಟಸ್ವಾಮಿ ಅಲ್ಲೇ ಪ್ಲಾಟ್‌ಫಾರ್ಮಿನ ಗೋಡೆಯ ಮೇಲೆ ನನ್ನ ಕೆಂಪು ಚುಕ್ಕೆಯನ್ನು ಕುಣಿಸಿ ತೋರಿಸಿದರು. ಪೇದೆ ತಾನೂ ಒಮ್ಮೆ ಹೊಡೆದು ನೋಡಿ, ನಕ್ಕು ಕಳಿಸಿಕೊಟ್ಟ.

ಊರಿನಲ್ಲಿ ಬೆಟ್ಟಸ್ವಾಮಿ ಮಕ್ಕಳಿಗೆ ಈಜು ಕಲಿಸತೊಡಗಿದರು. ಕೊಳ ಇರಲಿಲ್ಲ, ನಾಲೆ ಇತ್ತು. ಓಟಕ್ಕೆ ನಾಲೆಯ ಏರಿ. ಗುರಿಪೆಟ್ಟಿಗೆಯನ್ನು ಹಳೆಯ ಪಂಪ್‌ಹೌಸ್‌ನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. ಪಿಸ್ತೂಲು ಎಂದರೆ ನಾನೊಬ್ಬನೇ. ಬಂದ ಮಕ್ಕಳೆಲ್ಲ ಸಾಲಾಗಿ ನಿಂತು, ಒಬ್ಬರ ಬೆವರು ಆರುವ ಮೊದಲೇ ಇನ್ನೊಬ್ಬರು ನನ್ನ ಹಿಡಿಯನ್ನು ಹಿಡಿಯುತ್ತಿದ್ದರು. ಬಹಳ ಮಂದಿ ಬಂದರು, ಬಿಟ್ಟರು. ಬಿಡದೆ ಉಳಿದವಳು ಪಾವನಿ.

ಪೂರ್ತಿ ಹೆಸರು ಲೋಕಪಾವನಿ, ಅಲ್ಲಿಯ ನದಿಯ ಹೆಸರು. ತಂದೆ ಸಂಗಮದಲ್ಲಿ ಹರಿಗೋಲು ನಡೆಸುವವರು. ತಾಯಿ ಜವರಮ್ಮ. ಪಾವನಿ ನೀರಿಗಿಳಿದರೆ ನಾಲೆಯ ಹರಿವಿಗೆ ಎದುರಾಗಿ ಈಜುತ್ತಿದ್ದಳು, ಹರಿವಿನ ಜೊತೆ ಈಜುವುದು ಅವಳಿಗೆ ಬೇಸರ. ಕೈ ಮಾತ್ರ ಆತುರದ್ದು. ಪ್ರತಿ ಹೊಡೆತದ ನಂತರ ನನ್ನನ್ನು ಮೇಜಿಗೆ ಮುಟ್ಟಿಸಿ, ಪಕ್ಕದ ಗುಂಡಿಯನ್ನು ಒತ್ತಿ, ಮತ್ತೆ ಎತ್ತಬೇಕು. ಅದು ನಿಯಮ; ಆತುರದಲ್ಲಿ ಅವಳು ಅದನ್ನೇ ಮರೆಯುತ್ತಿದ್ದಳು. ಇನ್ನೊಂದು ತಪ್ಪೂ ಇತ್ತು: ಗುರಿ ಹಿಡಿಯುವಾಗ ಅವಳ ಬಾಯಿ ತೆರೆದುಕೊಳ್ಳುತ್ತಿತ್ತು. ಓಡಿ ಬಂದ ದಣಿವಿನಲ್ಲಿ ಬಾಯಲ್ಲಿ ಉಸಿರಾಡಿದರೆ ಭುಜ ಮೇಲೆ ಕೆಳಗೆ ಆಡುತ್ತದೆ, ನಾನೂ ಆಡುತ್ತೇನೆ.

"ಬಾಯಿ!" ಎಂದು ಬೆಟ್ಟಸ್ವಾಮಿ ಏರಿಯ ಮೇಲಿಂದ ಕೂಗುತ್ತಿದ್ದರು. "ಬಾಯಿ ಕಣಮ್ಮಿ! ಸೊಳ್ಳೆ ಹಿಡಿಯಾಕೆ ನಿಂತಿದ್ದೀಯಾ?"

ಅವಳು ತಟಕ್ಕನೆ ಬಾಯಿ ಮುಚ್ಚುತ್ತಿದ್ದಳು. ಆ ಒಂದು ಪದಕ್ಕೆ ಅವಳ ತುಟಿಗಳು ತಾವಾಗಿಯೇ ಕೂಡಿಕೊಳ್ಳುವಷ್ಟು ಅಭ್ಯಾಸವಾಗಿತ್ತು.

ಹತ್ತೊಂಬತ್ತು ವರ್ಷದೊಳಗಿನ ಹುಡುಗಿಯರಲ್ಲಿ ರಾಜ್ಯದಿಂದ ಒಬ್ಬಳನ್ನು ರಾಷ್ಟ್ರೀಯ ಶಿಬಿರಕ್ಕೆ ಆರಿಸುತ್ತಾರೆಂಬ ಸುದ್ದಿ ಬಂತು. ಈಜು ಮತ್ತು ಓಡುತ್ತ ನಡುನಡುವೆ ಗುರಿ ಹೊಡೆಯುವ ಲೇಸರ್ ಓಟ, ಎರಡೂ ಸೇರಿ ಮೊದಲು ಬಂದವಳಿಗೆ ಆ ಜಾಗ. ಪಾವನಿಗೆ ಅದೇ ಕೊನೆಯ ವರ್ಷ. ಮುಂದಿನ ವರ್ಷ ದೊಡ್ಡವರ ಜೊತೆ ನಿಲ್ಲಬೇಕು, ಅಲ್ಲಿ ಕತ್ತಿವರಸೆ ಬರದವರನ್ನು ಸಾಲಿಗೂ ಸೇರಿಸುವುದಿಲ್ಲ. ಕತ್ತಿವರಸೆ ಕಲಿಸುವವರು ನಮ್ಮ ಸುತ್ತಮುತ್ತ ಯಾರೂ ಇರಲಿಲ್ಲ. ಬೆಟ್ಟಸ್ವಾಮಿ ಬಿದಿರು ಕಡ್ಡಿ ಹಿಡಿದು ಏನೋ ತೋರಿಸುತ್ತಿದ್ದರು, ಮಂಡಿ ಕೈಕೊಟ್ಟು ಅರ್ಧಕ್ಕೇ ಕೂರುತ್ತಿದ್ದರು. ಶಿಬಿರಕ್ಕೆ ಹೋದರೆ ಮಾತ್ರ ಕಲಿಯಲು ಸಾಧ್ಯ. ಕಲಿತರೆ ಮಾತ್ರ ಈ ಆಟದಲ್ಲಿ ಉಳಿಯಲು ಸಾಧ್ಯ. ಒಂದು ಬಾಗಿಲು, ಅದೂ ಒಂದು ಮಧ್ಯಾಹ್ನ ಮಾತ್ರ ತೆರೆದಿರುತ್ತದೆ.

ಶಿಬಿರದಲ್ಲಿ ಹೊಸ ಪಿಸ್ತೂಲು ಕೊಡುತ್ತಾರೆಂಬುದೂ ನನ್ನ ಕಿವಿಗೆ ಬಿತ್ತು. ಅವಳು ಗೆದ್ದರೆ ನನಗೂ ಅವಳಿಗೂ ಅಲ್ಲಿಗೆ ಮುಗಿಯಿತು. ಆದರೂ ಅವಳು ಗೆಲ್ಲಬೇಕೆಂದೇ ನಾನು ಬಯಸಿದೆ. ಗುರಿ ತಪ್ಪಬೇಕೆಂದು ಬಯಸುವ ಪಿಸ್ತೂಲು ಇರಲಾರದು.

ಆಯ್ಕೆ ಇದ್ದದ್ದು ದಸರೆಯ ಮಾರನೆಯ ದಿನ. ಮನೆಯಲ್ಲಿ ಕೈ ಸ್ಥಿರವಾಗಿಡುವ ಅಭ್ಯಾಸ ಮಾಡಲೆಂದು ಬೆಟ್ಟಸ್ವಾಮಿ ನನ್ನನ್ನು ಪಾವನಿಯ ಜೊತೆ ಕಳಿಸಿದರು. ಹಾಗಾಗಿ ಆಯುಧಪೂಜೆಗೆ ನಾನು ಜವರಮ್ಮನ ಮನೆಯಲ್ಲಿದ್ದೆ. ಹರಿಗೋಲಿನ ಹುಟ್ಟು, ಮಚ್ಚು, ಕುಡುಗೋಲು, ಈಳಿಗೆಮಣೆ, ಒಂದು ಸ್ಕೂಟರು. ಅವುಗಳ ನಡುವೆ ನನ್ನನ್ನೂ ಮಣೆಯ ಮೇಲೆ ಇಟ್ಟರು. ಹಾಗೆ ಯಾರೂ ನನ್ನನ್ನು ಕೂರಿಸಿರಲಿಲ್ಲ, ಹೆಮ್ಮೆಯಾಯಿತು. ಪಾವನಿ ಹೂವು ತರಲು ಹೋಗಿದ್ದಾಗ ಜವರಮ್ಮ ಬಂದು, ಗಂಧ ತೇಯ್ದ ಬೆರಳನ್ನು ನನ್ನ ನಳಿಗೆಯ ತುದಿಗೆ ಒತ್ತಿ, ಅದರ ಮೇಲೆ ಕುಂಕುಮವಿಟ್ಟರು. ಕಣ್ಣು ಮುಚ್ಚಿ ಕೈ ಮುಗಿದರು. ನನಗೆ ಲೋಕ ಅರ್ಧ ಕೆಂಪಾಯಿತು, ಇನ್ನರ್ಧ ಮಂಜಾಯಿತು.

ಕೂಗಲು ನನಗೆ ದನಿಯಿಲ್ಲ.

ಪಾವನಿ ಮನೆಯಲ್ಲಿ ಮಾಡುವ ಅಭ್ಯಾಸದಲ್ಲಿ ಗುರಿಪೆಟ್ಟಿಗೆ ಇರುವುದಿಲ್ಲ, ಕೈ ಎತ್ತಿ ಹಿಡಿಯುವುದಷ್ಟೇ. ಹಾಗಾಗಿ ಅವಳಿಗೂ ತಿಳಿಯಲಿಲ್ಲ. ಗಂಧ ಒಣಗಿ ಗಟ್ಟಿಯಾಯಿತು. ನಳಿಗೆ ಕಪ್ಪು, ಅದರೊಳಗೆ ತುಸು ಹಿಂದೆ ಸರಿದ ಮಸೂರ. ಹಿಡಿಯ ಕಡೆಯಿಂದ ನೋಡುವವರಿಗೆ ಏನೂ ಕಾಣದು.

ಆಯ್ಕೆಯ ದಿನ ಬೆಳಿಗ್ಗೆ ಬೆಂಗಳೂರಿನ ಕೊಳದಲ್ಲಿ ಅವಳು ಎಲ್ಲರಿಗಿಂತ ಬಹಳ ಮುಂದೆ ಈಜಿದಳು. ಲೇಸರ್ ಓಟದಲ್ಲಿ ಈಜಿನ ಅಂತರದಂತೆ ಒಬ್ಬೊಬ್ಬರನ್ನಾಗಿ ಬಿಡುತ್ತಾರೆ. ಅಂದರೆ ಪಾವನಿ ಮೊದಲು ಹೊರಡುವವಳು, ಅವಳನ್ನು ಹಿಡಿಯುವುದು ಉಳಿದವರ ಪಾಡು. ಓಡಿ ಬಂದು ಐದು ಹಸಿರು ದೀಪ ಹತ್ತಿಸಬೇಕು, ಮತ್ತೆ ಓಡಬೇಕು. ಹೀಗೆ ನಾಲ್ಕು ಸಲ; ಕೊನೆಗೆ ಗೆರೆಯನ್ನು ಮೊದಲು ದಾಟಿದವಳದೇ ಗೆಲುವು. ದೀಪ ಹತ್ತದಿದ್ದರೆ, ಕೊಟ್ಟ ಸಮಯ ಮುಗಿಯುವವರೆಗೆ ಅಲ್ಲೇ ನಿಂತಿರಬೇಕು.

ಸ್ಪರ್ಧೆಗೆ ಮೊದಲು ಗುರಿ ನೋಡಿಕೊಳ್ಳಲು ಸ್ವಲ್ಪ ಅವಕಾಶ ಕೊಟ್ಟರು. ಎಲ್ಲೋ ಒಂದು ಹಸಿರು ಹತ್ತಿತು. ಮತ್ತೆ ಇಲ್ಲ. ಮತ್ತೆ ಇಲ್ಲ.

"ಕೈ ನಡುಗ್ತಾ ಅದೆ ಕಣಮ್ಮಿ ನಿಂದು," ಎಂದರು ಬೆಟ್ಟಸ್ವಾಮಿ, ನೋಡುವವರಿಗೆಂದು ಕಟ್ಟಿದ ಹಗ್ಗದಾಚೆಯಿಂದ.

"ನಡುಗ್ತಾ ಇಲ್ಲ ಸಾ."

"ನಡುಗೋರ್‌ಗೆ ಗೊತ್ತಾಗಕಿಲ್ಲ. ಎದೆ ಗಟ್ಟಿ ಮಾಡ್ಕೊ."

ಪಕ್ಕದ ಮೇಜಿನಲ್ಲಿ ಬೆಂಗಳೂರಿನ ಹುಡುಗಿ ಶ್ರಾವ್ಯ ಇದ್ದಳು. ಅವಳಿಗೂ ಒಂದೆರಡು ತಪ್ಪಿದವು. ಅವಳು ಪಿಸ್ತೂಲನ್ನು ಕೆಳಗಿಟ್ಟು, ಪೆಟ್ಟಿಗೆಯಿಂದ ಇನ್ನೊಂದನ್ನು ತೆಗೆದು ಹೊಡೆದು ನೋಡಿದಳು. ಅದರಲ್ಲೂ ತಪ್ಪಿತು. ತಪ್ಪು ತನ್ನದೇ ಎಂದು ಅವಳಿಗೆ ಅಲ್ಲೇ ತಿಳಿಯಿತು, ನಿಲುವು ಸರಿಪಡಿಸಿಕೊಂಡಳು. ಕೈ ತಪ್ಪಿತೋ ಯಂತ್ರ ತಪ್ಪಿತೋ ಎಂದು ತಿಳಿಯಲು ಒಂದನ್ನು ಬದಲಿಸಿ ಇನ್ನೊಂದನ್ನು ಹಾಗೇ ಇಟ್ಟು ನೋಡಬೇಕು. ಒಂದೇ ಪಿಸ್ತೂಲಿರುವವರು ತಮ್ಮನ್ನೇ ಅನುಮಾನಿಸುತ್ತಾರೆ.

ಸೀಟಿ ಊದಿದರು. ಪಾವನಿ ಮೊದಲು ಓಡಿ ಬಂದು ನನ್ನನ್ನು ಎತ್ತಿದಳು. ಅವಳ ಕೈ ಬಂಡೆಯಂತಿತ್ತು, ನಾನು ಸಾಕ್ಷಿ. ಟ್ರಿಗ್ಗರ್ ಎಳೆದಳು. ನನ್ನ ಬೆಳಕು ಕುಂಕುಮಕ್ಕೆ ತಗುಲಿ ಚೂರಾಯಿತು. ಮೇಜಿಗೆ ಮುಟ್ಟಿಸಿದಳು, ಗುಂಡಿ ಒತ್ತಿದಳು, ಎತ್ತಿದಳು. ಇಲ್ಲ. ಶ್ರಾವ್ಯ ಬಂದಳು, ಐದು ಹೊಡೆದಳು, ಹೋದಳು. ಇನ್ನೊಬ್ಬಳು ಬಂದು ಹೋದಳು. ಸಮಯ ಮುಗಿದಾಗ ಪಾವನಿಯ ಗುರಿಪೆಟ್ಟಿಗೆಯಲ್ಲಿ ಒಂಟಿ ಹಸಿರು ದೀಪವಿತ್ತು. ನನ್ನನ್ನು ಮೇಜಿನ ಮೇಲಿಟ್ಟು, ಹಲ್ಲು ಕಚ್ಚಿ ಓಡಿದಳು.

ನನ್ನ ಹಿಂದೆಯೇ ಹಗ್ಗದ ಬಳಿ, ಮಗಳ ಜೊತೆ ಬಂದಿದ್ದ ಜವರಮ್ಮನ ದನಿ ಕೇಳಿಸಿತು.

"ಯಾಕ್ ಸಾ ಇಂಗಾಯ್ತಾ ಅದೆ? ನಾನು ಪೂಜೆ ಮಾಡಿ, ಕುಂಕ್ಮ ಇಟ್ಟೇ ಕಳ್ಸಿವ್ನಿ."

"ಕುಂಕ್ಮ ಇಟ್ರೆ ಗುರಿ ಬೀಳ್ತದಾ ಜವರಮ್ಮ..." ಬೆಟ್ಟಸ್ವಾಮಿಯವರ ಮಾತು ಅಲ್ಲೇ ನಿಂತಿತು. "ಯಾವುದಕ್ಕಿಟ್ರಿ? ಪಾವನಿ ಹಣೆಗಾ?"

"ಪಿಸ್ತೂಲ್‌ಗೆ ಕಣ್ ಸಾ."

"ಎಲ್ಲಿಗೆ?"

"ಬಾಯಿಗೆ. ಆಯುಧಕ್ಕೆ ಇನ್ನೆಲ್ಲಿಗಿಡ್ತಾರೆ? ಕುಡ್ಲಿಗೂ ಬಾಯಿಗೇ, ಮಚ್ಚಿಗೂ ಬಾಯಿಗೇ. ಹಿಡಿಗಿಟ್ರೆ ಅದು ಪೂಜೆಯಾ?"

"ಅಯ್ಯೋ ನಮ್ಮವ್ವಾ!"

ಪಾವನಿ ಎರಡನೆಯ ಸಲ ಬಂದಳು. ನನ್ನನ್ನು ಎತ್ತಿದಳು. ಹಗ್ಗದ ಬಳಿಯಿಂದ ಬೆಟ್ಟಸ್ವಾಮಿ ಗಂಟಲು ಹರಿಯುವಂತೆ ಕೂಗಿದರು:

"ಬಾಯಿ! ಬಾಯಿ ಕಣಮ್ಮಿ! ಬಾಯಿ!"

ಅವಳು ತಟಕ್ಕನೆ ತುಟಿ ಬಿಗಿದಳು. ಇನ್ನಷ್ಟು ಬಿಗಿದಳು. ಟ್ರಿಗ್ಗರ್ ಎಳೆದಳು, ಇಲ್ಲ.

"ನಿನ್ ಬಾಯಲ್ಲ! ಅದ್ರ ಬಾಯಿ! ನಿಮ್ಮವ್ವ ಅದ್ರ ಬಾಯಿಗೆ ಕುಂಕ್ಮ ಇಟ್ಟವ್ಳೆ!"

ಈಗ ಅವಳಿಗೆ ಅರ್ಥವಾಯಿತು. ಆದರೆ ನನ್ನನ್ನು ತಿರುಗಿಸಿ ನೋಡುವಂತಿಲ್ಲ. ಪಿಸ್ತೂಲಿನ ಮುಖ ಗುರಿಯ ಕಡೆಗಲ್ಲದೆ ಬೇರೆ ಕಡೆ ತಿರುಗಿದರೆ ದಂಡ. ಹೊರಗಿನವರು ಕೈ ಹಾಕಿದರೂ ದಂಡ. ಅವಳು ನನ್ನನ್ನು ಮೇಜಿಗೆ ಒತ್ತಿ ಹಿಡಿದು, ಎಡಗೈ ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿ, ಮುಂದಕ್ಕೆ ಚಾಚಿ, ಕುರುಡರಂತೆ ತಡಕಿ ನಳಿಗೆಯ ತುದಿಯನ್ನು ತಿಕ್ಕಿದಳು. ಒಣಗಿದ ಗಂಧ ಕರಗಿ ಕೆಸರಾಯಿತು. ಈಗ ಅರ್ಧವೂ ಕಾಣದು, ಪೂರ್ತಿ ಕತ್ತಲು. ಒರೆಸಲು ಒಣಬಟ್ಟೆ ಬೇಕು. ಮೈಮೇಲಿನ ಬಟ್ಟೆಯೆಲ್ಲ ಬೆವರು. ಶ್ರಾವ್ಯ ಆಗಲೇ ಎರಡನೆಯ ಸಲದ್ದನ್ನೂ ಮುಗಿಸಿ ಓಡಿದ್ದಳು. ಪಾವನಿ ಜಡೆಯ ತುದಿಗೆ ಕೈ ಹಾಕಿ ರಿಬ್ಬನ್ ಕಿತ್ತಳು. ಅದರ ಒಂದು ಮೂಲೆ ಒಣಗಿತ್ತು. ಬೆರಳಿಗೆ ಸುತ್ತಿ ಒಳಗೆ ತೂರಿಸಿ ತಿರುವಿದಳು. ಒಮ್ಮೆ, ಇನ್ನೊಮ್ಮೆ.

ಕಪ್ಪು ವೃತ್ತ ನನಗೆ ಕಂಡಿತು. ಅಂಚು ಅಂಚೂ ಕಂಡಿತು.

ಹಸಿರು. ಮುಟ್ಟಿಸು, ಒತ್ತು, ಎತ್ತು. ಹಸಿರು. ಐದೂ ತಪ್ಪಲಿಲ್ಲ. ಮೂರನೆಯ ಸಲ ಬಂದಾಗಲೂ ಐದು; ಆ ಇನ್ನೊಬ್ಬಳು ಆಗಲೇ ಹಿಂದೆ ಬಿದ್ದಿದ್ದಳು. ನಾಲ್ಕನೆಯ ಸಲ ಬಂದಾಗ ಅವಳ ಎದೆ ತಿದಿಯಂತೆ ಏರಿಳಿಯುತ್ತಿತ್ತು, ಜಡೆ ಬಿಚ್ಚಿ ಕೂದಲು ಮುಖಕ್ಕೆ ಅಂಟಿತ್ತು, ಬಾಯಿ ಮಾತ್ರ ಮುಚ್ಚಿತ್ತು. ಪಕ್ಕದಲ್ಲಿ ಶ್ರಾವ್ಯ ಇನ್ನೂ ಇದ್ದಳು. ಹಿಂದಿನಿಂದ ಬರುತ್ತಿರುವವಳ ಹೆಜ್ಜೆ ಕೇಳಿಸಿತೋ ಏನೋ, ಅವಳ ಕೊನೆಯ ದೀಪ ಹತ್ತುತ್ತಿರಲಿಲ್ಲ. ಅದು ಹತ್ತಿ ಅವಳು ಹೊರಟಳು. ಪಾವನಿಯ ಐದನೆಯದೂ ಹತ್ತಿತು. ನನ್ನನ್ನು ಮೇಜಿನ ಮೇಲೆ ಬಿಟ್ಟು ಹೊರಟಳು.

ಓಟದ ಕೊನೆಯ ಗೆರೆ ಇದ್ದದ್ದು ನನ್ನ ಬೆನ್ನ ಹಿಂದೆ. ನನ್ನ ಮುಖ ಗುರಿಯ ಕಡೆಗೆ. ಏನೂ ಕಾಣಲಿಲ್ಲ. ಜನರ ಕೂಗು ಏರಿತು, ಯಾರ ಹೆಸರೆಂದು ತಿಳಿಯದಂತೆ ಕಲಸಿಹೋಯಿತು. ಜವರಮ್ಮ ಕೂಗುತ್ತಿರಲಿಲ್ಲ. "ನಾನೇ ಕಣ್ ಸಾ ಅವಳ ಬಾಯಿಗೆ ಮಣ್ಣಾಕ್ದೋಳು, ನಾನೇ," ಎಂದು ಗೊಣಗುತ್ತಿದ್ದರು. ಆಮೇಲೆ ಬೆಟ್ಟಸ್ವಾಮಿಯವರ ಊರುಗೋಲು ನೆಲಕ್ಕೆ ಬಿದ್ದ ಸದ್ದು. ಕುಂಟುಗಾಲಿನ ಮನುಷ್ಯ ಊರುಗೋಲು ಬಿಡುವುದು ಬಿದ್ದಾಗ, ಇಲ್ಲವೇ ಕುಣಿದಾಗ.

"ಎದೆಯಷ್ಟು ಮುಂದೆ ಜವರಮ್ಮ! ಎದೆಯಷ್ಟೇ! ನಿಮ್ ಮಗ್ಳು!"

ಜವರಮ್ಮ ಆಗ ಅತ್ತರು. ಅತ್ತು ಮುಗಿದ ಮೇಲೆ ಬೆಟ್ಟಸ್ವಾಮಿ ಹೇಳಿದರು: "ಮುಂದ್ಲ ವರ್ಷ ನನ್ ಹಣೆಗೇ ಇಡಿ ತಾಯಿ, ಎಷ್ಟ್ ಬೇಕಾದ್ರೂ ಇಡಿ. ಅದ್ಕೆ ಮಾತ್ರ ಬ್ಯಾಡಿ."

ಶಿಬಿರಕ್ಕೆ ಹೊರಡುವ ದಿನ ಪಾವನಿ ನನ್ನನ್ನು ಹಿಂದಿರುಗಿಸಲು ಬೆಟ್ಟಸ್ವಾಮಿಯವರ ಮನೆಗೆ ಬಂದಳು. ತಾಯಿಯೂ ಜೊತೆಗಿದ್ದರು. ಶಿಬಿರದಲ್ಲಿ ಉಳಿಯುವುದು ಸುಲಭವಲ್ಲ, ಮೊದಲ ತಿಂಗಳುಗಳಲ್ಲೇ ಅರ್ಧಕ್ಕರ್ಧ ಮಂದಿಯನ್ನು ಮನೆಗೆ ಕಳಿಸುತ್ತಾರೆ ಎಂದು ಬೆಟ್ಟಸ್ವಾಮಿ ಎಚ್ಚರಿಸಿದರು. ಪಾವನಿ ನನ್ನ ಹಿಡಿಯನ್ನು ಒಮ್ಮೆ ಒತ್ತಿ, ಪೆಟ್ಟಿಗೆಯಲ್ಲಿಟ್ಟು, ಚೀಲ ಹೆಗಲಿಗೇರಿಸಿದಳು. ನಮ್ಮಲ್ಲಿ ಹೋಗುವವರು ಹೋಗುತ್ತೇನೆ ಎನ್ನುವುದಿಲ್ಲ.

"ಬತ್ತೀನಿ ಕಣವ್ವ."

ಬಾಗಿಲಲ್ಲಿ ನಿಂತ ತಾಯಂದಿರು ಅದಕ್ಕೆ ಹೇಳುವುದು ಒಂದೇ ಮಾತು, ಬೇಗ ಬಾ ಎಂದು. ಜವರಮ್ಮ ಬಾಯಿ ತೆರೆದರು. ತಡೆದರು. ಸೆರಗಿನಿಂದ ಮೂಗೊರೆಸಿಕೊಂಡರು.

"ಬ್ಯಾಗ ಬರಬ್ಯಾಡ ಕಣಮ್ಮಿ."

ಅದಾಗಿ ಬಹಳ ಕಾಲವಾಯಿತು. ನನ್ನ ಲೇಸರ್ ಈಗ ಸವೆದಿದೆ. ಹತ್ತು ಮೀಟರ್ ದೂರಕ್ಕೆ ಹೋಗುವಷ್ಟರಲ್ಲಿ ಬಳಲಿ ಹೋಗುತ್ತದೆ. ಬೆಟ್ಟಸ್ವಾಮಿ ನನ್ನನ್ನು ಬೀರುವಿನೊಳಗಿನ ಮೇಲಿನ ಅಟ್ಟಣೆಯಲ್ಲಿ, ತಮ್ಮ ಮಂಡಿಪಟ್ಟಿಯ ಪಕ್ಕದಲ್ಲಿ ಇಟ್ಟಿದ್ದಾರೆ. ಆಗಾಗ ಬೀರುವಿನ ಬಾಗಿಲು ತೆರೆಯುತ್ತದೆ, ಬೆಳಕು ಬರುತ್ತದೆ. ನಾನು ಪ್ರತಿ ಸಲವೂ ಯಾರೆಂದು ನೋಡುತ್ತೇನೆ.

ಅವಳು ಇನ್ನೂ ಬಂದಿಲ್ಲ. ಒಳ್ಳೆಯದು.