ಬಲಗಡೆಯ ಸೊನ್ನೆ

ಬೆಳ್ಳಿ ಸೈನ್ ಹಾಕಲಿಲ್ಲ. ಹಾಕುವುದಿಲ್ಲ ಎಂದು ಮೂರು ಸಲ ಬಾಯಿ ಬಿಟ್ಟು ಹೇಳಿಯೂ ಆಗಿತ್ತು. ಆದರೂ ಲೀಲಾಧರ ಸರ್ ಆ ಕಾಗದವನ್ನು ಮೇಜಿನ ಮೇಲೆ ಅವಳ ಕಡೆಗೆ ತಳ್ಳುವುದನ್ನು ಬಿಡಲಿಲ್ಲ.

ಕಾಗದವನ್ನು ಸರ್ ತಾವೇ ಟೈಪ್ ಮಾಡಿಸಿದ್ದರು. 'ಈ ಪ್ರೋಗ್ರಾಮ್ ನನ್ನ ಸ್ವಂತದ್ದಲ್ಲ. ಇದನ್ನು ನಾನು .............. ಇವರಿಂದ ನಕಲು ಮಾಡಿರುತ್ತೇನೆ. ಕ್ಷಮಿಸಬೇಕು.' ನಡುವೆ ಚುಕ್ಕಿಗಳ ಒಂದು ಸಾಲು, ಕೆಳಗೆ ಅವಳ ಹೆಸರು. ಆ ಚುಕ್ಕಿಗಳ ಮೇಲೆ ಯಾರದಾದರೂ ಹೆಸರು ಬರೆದು ಸೈನ್ ಹಾಕಿದರೆ ಪಾಸು ಮಾಡುವಷ್ಟು ಅಂಕ ಕೊಡುತ್ತಾರಂತೆ. ಇಲ್ಲದಿದ್ದರೆ ಪ್ರಾಜೆಕ್ಟಿಗೆ ಸೊನ್ನೆ. ಸೊನ್ನೆ ಬಿದ್ದರೆ ಬಿ.ಸಿ.ಎ. ಮುಗಿಯುವುದಿಲ್ಲ, ಒಂದು ವರ್ಷ ಬೀಜಾಡಿಯ ಮನೆಯಲ್ಲಿ ಕೂರಬೇಕು.

"ಯಾರ ಹೆಸರಾದರೂ ಬರಿ ಮಾರಾಯ್ತಿ. ನನಗೆ ಅದು ಮುಖ್ಯ ಅಲ್ಲ," ಎಂದರು ಸರ್.

"ನನಗೆ ಮುಖ್ಯ ಸರ್," ಎಂದಳು ಬೆಳ್ಳಿ.

ಇದು ಎರಡು ಸಾವಿರದ ಆರನೇ ಇಸವಿಯ ಮೇ ತಿಂಗಳು, ಬ್ರಹ್ಮಾವರದ ಆಚೀಚೆ ಎಲ್ಲೋ ಒಂದು ಕಾಲೇಜು. ಹೆಸರು ಹೇಳಿ ನಮಗೇನಾಗಬೇಕು! ಆ ವರ್ಷ ಇಪ್ಪತ್ತೆಂಟು ಮಕ್ಕಳಲ್ಲಿ ಹನ್ನೊಂದು ಮಂದಿ ಬೆಂಗಳೂರಿನ ಯಾವುದೋ ಅಂಗಡಿಯಿಂದ ರೆಡಿಮೇಡ್ ಸಿ.ಡಿ. ತರಿಸಿಕೊಂಡಿದ್ದರು. ಕೀರ್ತನ್ ಎಂಬ ಹುಡುಗನ ಲೈಬ್ರರಿ ಪ್ರಾಜೆಕ್ಟಿನ ಮೊದಲ ಪುಟದಲ್ಲಿ ಬೇರೆ ಯಾವುದೋ ಊರಿನ ಕಾಲೇಜಿನ ಹೆಸರು ಹಾಗೇ ಉಳಿದುಹೋಗಿತ್ತು. ಸರ್ ಅದನ್ನು ನೋಡಿ, "ಅಳಿಸೋ," ಎಂದು ನಕ್ಕು ಸೈನ್ ಹಾಕಿ ಕೊಟ್ಟರು. ಸ್ವಂತ ಕೈಯಾರೆ ಅಕ್ಷರ ಅಕ್ಷರ ಕುಟ್ಟಿದ ಬೆಳ್ಳಿಯ ತಲೆಗೆ ಮಾತ್ರ ಕಳ್ಳತನ ಕಟ್ಟಿದರು. ಯಾಕೆ ಅಂತೀರಿ? ಅವಳದು ಬೇರೆ ಯಾರ ಪ್ರಾಜೆಕ್ಟಿನ ಹಾಗೂ ಇರಲಿಲ್ಲ, ಅದಕ್ಕೆ! ನೀನೂ ಲೈಬ್ರರಿಯನ್ನೇ ತೆಗೆದುಕೋ ಎಂದು ಸರ್ ಮೊದಲೇ ಹೇಳಿದ್ದರು. ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ. ಮೀನುಗಾರರ ಮನೆಯ ಹುಡುಗಿ ಇಷ್ಟನ್ನೆಲ್ಲ ಎಲ್ಲಿಂದ ಕಲಿತಾಳು ಎಂಬುದು ಸರ್ ಬಾಯಿ ಬಿಟ್ಟು ಹೇಳದ ಇನ್ನೊಂದು ಮಾತು. ಹೇಳದಿದ್ದರೇನು, ಬೆಳ್ಳಿಗೆ ಕೇಳಿಸಿತ್ತು.

"ನಾಳೆ ಮಂಗಳೂರಿನಿಂದ ಎಕ್ಸಾಮಿನರ್ ಬರುತ್ತಾರೆ. ಅಪ್ಪನನ್ನು ಕರೆದುಕೊಂಡು ಬಾ. ಅವರಾದರೂ ನಿನಗೆ ಬುದ್ಧಿ ಹೇಳಲಿ," ಎಂದು ಸರ್ ಕಾಗದವನ್ನು ಫೈಲಿಗೆ ಸೇರಿಸಿದರು.

ಅವಳ ಅಪ್ಪ ಕುಷ್ಟ ಮೊಗವೀರ ಆ ಸಂಜೆ ಮನೆಯ ಎದುರು ಕಾಲು ಚಾಚಿ ಕೂತು ಹರಿದ ಬಲೆ ಹೊಲಿಯುತ್ತಿದ್ದ. ಬೆಳ್ಳಿ ಚಪ್ಪಲಿ ಬಿಡುವುದಕ್ಕೂ ಮೊದಲೇ ಸುದ್ದಿ ಹೇಳಿದಳು.

"ಅಪ್ಪಯ್ಯ, ನಾಳೆ ಕಾಲೇಜಿಗೆ ಬರ್ಕ್ ಅಂಬ್ರ್."

"ಎಂತಕೆ? ಎಂತ ಮಾಡ್ದೆ ಹೆಣ್ಣೆ?"

"ನಮ್ಮ್ ಕಲ್ಲಿನ ನಕ್ಷೆ ಮಾಡ್ದೆ ಅಲ್ದಾ, ಅದ್ ನಾ ಮಾಡಿದ್ದಲ್ಲ, ಕದ್ದದ್ದ್ ಅಂತ್ರ್."

ಕುಷ್ಟ ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದ. "ಅವ್ರ್ ಅಜ್ಜಿಕಲ್ಲ್ ಕಂಡಿರಾ?"

"ಇಲ್ಲೆ."

"ಮತ್ತೆ ಕದ್ದದ್ದ್ ಅಂದೇಳಿ ಹ್ಯಾಂಗ್ ಗೊತ್ತಾತ್?" ಎಂದ. ಮಗಳಿಗೆ ಅಳು ಬರುವುದರಲ್ಲಿತ್ತು, ನಗು ಬಂತು.

ಅಜ್ಜಿಕಲ್ಲು ಎಂದರೆ ಬೀಜಾಡಿಯ ಎದುರು ನೀರಿನಡಿ ಕೂತಿರುವ ಬಂಡೆ. ಕಣ್ಣಿಗೆ ಕಾಣುವುದಿಲ್ಲ, ಬಲೆಯನ್ನು ಮಾತ್ರ ಹರಿಯುತ್ತದೆ. ಅಂಥ ಹದಿನಾರು ಕಲ್ಲುಗಳು ಕುಷ್ಟನ ತಲೆಯಲ್ಲಿದ್ದವು. ದಡದ ಮೇಲಿನ ಎರಡು ಗುರುತು ಒಂದರ ಹಿಂದೆ ಒಂದು ಕೂಡಿ ನಿಂತರೆ, ಉದಾಹರಣೆಗೆ ನೀರಿನ ಟ್ಯಾಂಕಿಯ ಎದುರಿಗೆ ಸರಿಯಾಗಿ ಮೊಂಡು ತಾಳೆಮರ ಬಂದರೆ, ಯಾವ ಸಾಲಿನಲ್ಲಿ ಇದ್ದೇವೆ ಎಂದು ಗೊತ್ತಾಯಿತು. ದಡದಿಂದ ಎಷ್ಟು ದೂರ ಎನ್ನುವುದಕ್ಕೆ ಹಗ್ಗ. ಬಲೆಯ ಹಗ್ಗದ ಒಂದು ತುದಿಯನ್ನು ದಡದಲ್ಲಿ ನಿಂತವರು ಹಿಡಿದಿರುತ್ತಾರೆ. ದೋಣಿಯಲ್ಲಿ ಕೂತವನು ಎರಡು ಕೈ ಚಾಚಿ ಒಂದು ಮಾರು, ಎರಡು ಮಾರು ಎಂದು ಎಣಿಸುತ್ತ ಹಗ್ಗ ಬಿಡುತ್ತ ಪಡುವಣಕ್ಕೆ ಹೋಗುತ್ತಾನೆ. ಕುಷ್ಟ ಮೂವತ್ತು ವರ್ಷ ಹೀಗೆ ಎಣಿಸಿದವನು.

ಬೆಳ್ಳಿ ಮಾಡಿದ್ದು ಇಷ್ಟೇ. ಅಪ್ಪ ಹೇಳಿದ ಹಾಗೆ ಗ್ರಾಫ್ ಹಾಳೆಯ ಮೇಲೆ ದಡವನ್ನೂ ಟ್ಯಾಂಕಿ, ತಾಳೆಮರಗಳನ್ನೂ ಬರೆದು, ಕೋಟೇಶ್ವರದ ಫೋಟೋ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ, ವೆಬ್ ಪುಟದಲ್ಲಿ ಹಾಕಿದಳು. ಚಿತ್ರದ ಒಂದು ಚುಕ್ಕಿಗೆ ಒಂದು ಮಾರು. ಕಲ್ಲುಗಳನ್ನು ಚಿತ್ರದಲ್ಲಿ ಬರೆಯಲಿಲ್ಲ, ನೀರಿನಲ್ಲಿಯೂ ಅವು ಕಾಣುವುದಿಲ್ಲವಲ್ಲ! ಮೌಸನ್ನು ಚಿತ್ರದ ಮೇಲೆ ಆಡಿಸಿದರೆ ದಡದಿಂದ ಎಷ್ಟು ಮಾರು ಎಂದು ಕೆಳಗಿನ ಡಬ್ಬಿಯಲ್ಲಿ ತೋರಿಸಬೇಕು. ಕಲ್ಲಿರುವ ಜಾಗದಲ್ಲಿ ಕ್ಲಿಕ್ ಮಾಡಿದರೆ ಅದರ ಹೆಸರು, ಆಳ ಬರಬೇಕು.

ಹೇಳುವುದಕ್ಕೆ ಸುಲಭ. ಮೌಸ್ ಎಲ್ಲಿದೆ ಎಂದು ಜಾವಾಸ್ಕ್ರಿಪ್ಟನ್ನು ಕೇಳಿದರೆ ಅದು ಎರಡು ಅಂಕಿ ಕೊಡುತ್ತದೆ, ಅಡ್ಡಕ್ಕೆ ಎಷ್ಟು ಚುಕ್ಕಿ, ಕೆಳಕ್ಕೆ ಎಷ್ಟು ಚುಕ್ಕಿ ಎಂದು. ಅಳೆಯುವುದು ಬ್ರೌಸರ್ ಕಿಟಕಿಯ ಎಡಮೇಲಿನ ಮೂಲೆಯಿಂದ. ಪುಟವನ್ನು ಸ್ವಲ್ಪ ಸರಿಸಿದರೆ ಸಾಕು, ಚಿತ್ರ ಮೇಲಕ್ಕೆ ಹೋಗುತ್ತಿತ್ತು, ಅಂಕಿ ಅಲ್ಲೇ ಉಳಿಯುತ್ತಿತ್ತು. ಅಜ್ಜಿಕಲ್ಲು ಒಮ್ಮೆ ಪಕ್ಕದೂರು ಕೋಡಿಗೆ ಹೋದರೆ ಇನ್ನೊಮ್ಮೆ ಊರಿನ ಶಾಲೆಯ ಅಂಗಳಕ್ಕೆ ಬರುತ್ತಿತ್ತು. ಹದಿನೈದು ದಿನ ಬೆಳ್ಳಿಗೆ ತಲೆ ಕೆಟ್ಟುಹೋಯಿತು. ಕೊನೆಗೆ ಊಟಕ್ಕೆ ಕೂತಾಗ ಅಪ್ಪನ ಹತ್ತಿರ ಗೋಳು ಹೇಳಿಕೊಂಡಳು.

"ನೀ ಅಳೆಯೂದ್ ಎಲ್ಲಿಂದ?" ಎಂದು ಕೇಳಿದ್ದ ಕುಷ್ಟ.

"ಕಿಟಕಿ ಮೂಲೆಂದ."

"ಅದ್ರೊಳಗಿನ ಚಿತ್ರ ಸರಿತ್ತಾ?"

"ಹೌದ್, ಸರಿತ್ತ್."

"ಮತ್ತೆಂತ! ದೋಣಿಂದ ಅಳೆದ್ರೆ ಹಾಂಗೇ ಆಪ್ದ್. ದೋಣಿ ನಿಂತಲ್ ನಿಲ್ಲತ್ತಾ? ಕಲ್ಲಿನೊಟ್ಟಿಗೇ ಇಪ್ದ್ ಯಾವ್ದ್ ಅಂತ ಕಾಣ್, ಅದ್ರಿಂದ ಅಳೆ," ಎಂದು ಅವನು ಮೀನಿನ ಮುಳ್ಳು ಬಿಡಿಸತೊಡಗಿದ.

ಬೆಳ್ಳಿ ಎಂಜಲು ಕೈಯಲ್ಲೇ ಎದ್ದು ಪುಸ್ತಕದಲ್ಲಿ ಬರೆದಿಟ್ಟಳು. ಕಲ್ಲಿನೊಟ್ಟಿಗೇ ಇರುವುದು ಚಿತ್ರದ ಅಂಚು. ಪುಟ ಸರಿದಷ್ಟನ್ನು ಕೂಡಿಸಿ, ಚಿತ್ರ ಪುಟದಲ್ಲಿ ಎಲ್ಲಿಂದ ಶುರುವಾಗುತ್ತದೋ ಅಷ್ಟನ್ನು ಕಳೆದರೆ ಆಯಿತು. ಮರುದಿನದಿಂದ ಅಜ್ಜಿಕಲ್ಲು ಅಲ್ಲಾಡಲಿಲ್ಲ. ಆಮೇಲೆ ಇನ್ನೊಂದು ಸಾಲು ಬರೆದಳು. ನಕ್ಷೆಯಲ್ಲಿ ಸಮುದ್ರ ಎಡಕ್ಕೆ, ದಡ ಬಲಕ್ಕೆ. ಚಿತ್ರದಲ್ಲಿ ದಡದ ಗೆರೆಯವರೆಗಿನ ಅಗಲದಿಂದ ಆ ಅಡ್ಡ ಅಂಕಿಯನ್ನು ಕಳೆದಳು. ಬಲಗಡೆಯಲ್ಲಿ ದಡ, ಅಲ್ಲಿ ಸೊನ್ನೆ. ಇದನ್ನು ಬರೆಯುವಾಗ ಅವಳು ಯೋಚನೆಯನ್ನೇ ಮಾಡಿರಲಿಲ್ಲ. ಕಳ್ಳತನಕ್ಕೆ ಸಾಕ್ಷಿ ಎಂದು ಸರ್ ಹಿಡಿದದ್ದು ಇದೇ ಸಾಲನ್ನು.

ಮರುದಿನ ಕುಷ್ಟ ಬಿಳಿ ಪಂಚೆ, ಇಸ್ತ್ರಿ ಶರಟು ಹಾಕಿಕೊಂಡು ಬಂದ. ಲ್ಯಾಬಿನ ಬಾಗಿಲಲ್ಲಿ ಲೀಲಾಧರ ಸರ್ ಅವನ ಕೈಗೆ ಆ ಕಾಗದ ಕೊಟ್ಟರು.

"ನೋಡಿ, ಮಗಳಿಗೆ ಸ್ವಲ್ಪ ಹೇಳಿ. ಒಂದು ಸೈನ್, ಅಷ್ಟೇ. ಹಟ ಮಾಡಿ ಒಂದು ವರ್ಷ ಹಾಳು ಮಾಡಿಕೊಳ್ಳುವುದು ಯಾಕೆ?"

"ನಂಗ್ ಓದೂಕ್ ಬತ್ತಿಲ್ಲೆ ಮಾಷ್ಟ್ರೆ. ಇದ್ರಲ್ಲಿ ಎಂತ ಬರ್ದಿತ್ತ್?"

"ತಪ್ಪಾಯಿತು ಅಂತ."

"ತಪ್ಪ್ ಮಾಡಿದ್ರೆ ನಾನೇ ಕೆನ್ನಿಗೆ ನಾಲ್ಕ್ ಬಿಡ್ತಿದ್ದೆ. ಮಾಡದ್ದಕ್ಕೆ ಹ್ಯಾಂಗ್ ಹೇಳೂದ್ ಮಾರಾಯ್ರೆ?" ಎಂದು ಕುಷ್ಟ ಕಾಗದವನ್ನು ವಾಪಸು ಅವರ ಕೈಯಲ್ಲೇ ಇಟ್ಟ.

ಎಕ್ಸಾಮಿನರ್ ಪ್ರಫುಲ್ಲಾ ಮೇಡಂ ಕನ್ನಡಕ ಮೂಗಿನ ತುದಿಗೆ ಇಳಿಸಿ ಪರದೆಯನ್ನು ನೋಡುತ್ತಿದ್ದರು. ಮಾತು ಕಡಿಮೆ. ಅವರು ಪುಟವನ್ನು ಮೇಲೆ ಕೆಳಗೆ ಸರಿಸಿ ನೋಡಿದರು, ಅಂಕಿ ತಪ್ಪಲಿಲ್ಲ.

"ಇದು ನಿನ್ನದೇನಾ?" ಎಂದು ಕೇಳಿದರು.

"ನನ್ನದೇ. ಅಳಿಸಿ ಮೇಡಂ. ಈಗಲೇ, ಇಲ್ಲೇ ಕೂತು ಬರೆದು ಕೊಡುತ್ತೇನೆ."

ಮೇಡಂ ಹುಬ್ಬು ಮೇಲೇರಿಸಿದರು. ಆಮೇಲೆ ನಿಜವಾಗಿಯೂ ಅಳತೆಯ ಅಷ್ಟೂ ಸಾಲುಗಳನ್ನು ಅಳಿಸಿಬಿಟ್ಟರು! ಬೆಳ್ಳಿ ಕೀಬೋರ್ಡನ್ನು ತನ್ನ ಕಡೆಗೆ ಎಳೆದುಕೊಂಡಳು. ಕಿಟಕಿಯ ಅಂಕಿ, ಪುಟ ಸರಿದದ್ದು, ಚಿತ್ರದ ಅಂಚು, ಕೊನೆಗೆ ಅಗಲದಿಂದ ಕಳೆಯುವುದು. ಎಲ್ಲಿಯೂ ತಡವರಿಸದೆ ಕುಟ್ಟಿದಳು. ಪುಟ ತೆರೆದರೆ ಮೊದಲಿನ ಹಾಗೇ ನಡೆಯಿತು.

"ಕಂಠಪಾಠ ಮೇಡಂ," ಎಂದರು ಲೀಲಾಧರ ಸರ್. "ಆ ಕೊನೆಯ ಸಾಲು ನೋಡಿ. ಪ್ರಪಂಚದಲ್ಲಿ ಯಾರಾದರೂ ಸೊನ್ನೆಯನ್ನು ಬಲಗಡೆ ಇಡುತ್ತಾರಾ? ಎಲ್ಲಿಂದಲೋ ಎತ್ತಿಕೊಂಡು, ಅರ್ಥವಾಗದೆ ಕೆಡಿಸಿದ್ದಾಳೆ."

ಬೆಳ್ಳಿಯ ಪಿತ್ತ ನೆತ್ತಿಗೇರಿತು. "ಬಲಗಡೆ ಇಡದೆ ಮತ್ತೆಲ್ಲಿ ಇಡೂದ್ ಸರ್? ಹಗ್ಗದ ತುದಿ ಇಪ್ದೇ ದಡದಲ್ಲಿ!" ಕಾಲೇಜಿನ ಕನ್ನಡ ಹಾರಿಹೋಗಿ ಮನೆಯ ಮಾತೇ ಬಾಯಿಗೆ ಬಂದಿತ್ತು.

ಮೇಡಂ ಅವಳನ್ನೂ, ಗೋಡೆಗೆ ಒರಗಿ ನಿಂತ ಕುಷ್ಟನನ್ನೂ ನೋಡಿದರು. "ನೀವು ಬನ್ನಿ. ಇಲ್ಲಿ ಕೂತುಕೊಳ್ಳಿ. ಮೌಸ್ ಹಿಡಿದು ಗೊತ್ತುಂಟಾ?"

"ಇಲ್ಲೆ ಮೇಡಮ್ರೆ. ಓದೂಕೂ ಬತ್ತಿಲ್ಲೆ."

"ಓದುವುದು ಬೇಡ. ಇದನ್ನು ಸರಿಸಿದ ಹಾಗೆ ಆ ಬಾಣ ಸರಿಯುತ್ತದೆ. ನಿಮ್ಮ ಅಜ್ಜಿಕಲ್ಲು ಎಲ್ಲಿ, ತೋರಿಸಿ ನೋಡುವ." ಹಾಗೆಂದು ಅಂಕಿ ಬರುವ ಡಬ್ಬಿಯ ಮೇಲೆ ತಮ್ಮ ಫೈಲನ್ನು ಅಡ್ಡ ಹಿಡಿದರು.

ಕುಷ್ಟ ಆ ಮೌಸನ್ನು ಮೆತ್ತಗೆ ಹಿಡಿದ, ಬಿಟ್ಟರೆ ಓಡಿಹೋಗುತ್ತದೆ ಎಂಬಂತೆ. ಬಾಣ ಸಮುದ್ರದ ನಡುವೆ ಎಲ್ಲೋ ಇತ್ತು. ಅವನು ಅದನ್ನು ಅಲ್ಲಿಂದ ನೇರ ಕಲ್ಲಿಗೆ ಒಯ್ಯಲಿಲ್ಲ. ಮೊದಲು ಬಲಕ್ಕೆ ತಂದ, ದಡಕ್ಕೆ ಮುಟ್ಟಿಸಿದ. ಟ್ಯಾಂಕಿಯನ್ನೂ ತಾಳೆಮರವನ್ನೂ ಕಣ್ಣಲ್ಲೇ ಕೂಡಿಸಿಕೊಂಡ. ಆಮೇಲೆ ಆ ಸಾಲು ಹಿಡಿದು, ತುಟಿಯಲ್ಲೇ ಎಣಿಸುತ್ತ, ಬಲದಿಂದ ಎಡಕ್ಕೆ ಹೊರಟ. ಬೆಳ್ಳಿ ಉಗುರು ಕಚ್ಚುತ್ತ ನಿಂತಿದ್ದಳು.

"ಇದೇ ಜಾಗ," ಎಂದು ಕುಷ್ಟ ಕೈ ನಿಲ್ಲಿಸಿದ. "ದಡದಿಂದ ಇನ್ನೂರಾ ಹತ್ತ್ ಮಾರ್. ಆಳ ನಾಲ್ಕ್."

ಮೇಡಂ ತಾವೇ ಕೈ ಚಾಚಿ ಕ್ಲಿಕ್ ಮಾಡಿ, ಫೈಲು ಸರಿಸಿದರು. ಡಬ್ಬಿಯಲ್ಲಿ 'ಅಜ್ಜಿಕಲ್ಲು' ಎಂದು ಬಂದಿತ್ತು. ದೂರ ಇನ್ನೂರ ಎಂಟು ಮಾರು, ಆಳ ನಾಲ್ಕು ಮಾರು. ಅವರು ಅದನ್ನು ಗಟ್ಟಿಯಾಗಿ ಓದಿ ಹೇಳಿದರು.

"ಎರಡ್ ಮಾರ್ ನಿಮ್ಮ್ ಇಲಿ ತಿಂದಿತ್ ಕಾಣಿ," ಎಂದ ಕುಷ್ಟ.

ಮೇಡಂ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಲೀಲಾಧರ ಸರ್ ಕಡೆ ತಿರುಗಿದಾಗ ಮುಖದಲ್ಲಿ ನಗು ಇರಲಿಲ್ಲ. "ಬೇರೆಯವರಿಂದ ತಂದದ್ದಾಗಿದ್ದರೆ ಸೊನ್ನೆ ಎಡಗಡೆ ಇರುತ್ತಿತ್ತು ಸರ್. ಇದು ಈ ಮನೆಯದೇ."

ಸರ್ ಮುಖ ಹುಳ್ಳಗಾಯಿತು. ಆದರೂ ಸುಮ್ಮನಿರುವವರೇ? "ಇರಬಹುದು ಮೇಡಂ. ಆದರೆ ಪದ್ಧತಿ ಅಂತ ಒಂದು ಉಂಟಲ್ಲ. ಸೊನ್ನೆ ಎಡಕ್ಕೆ ತರಲಿ, ಒಂದೇ ಸಾಲು. ಪೂರ್ತಿ ಅಂಕ ಕೊಡುವ."

"ತರುವುದಿಲ್ಲ ಸರ್," ಎಂದಳು ಬೆಳ್ಳಿ. "ಎಡಗಡೆ ಇರುವುದು ನಡುಸಮುದ್ರ. ಹಗ್ಗ ಹಿಡಿದುಕೊಂಡು ಅಲ್ಲಿ ಯಾರೂ ನಿಂತಿಲ್ಲ. ಅಂಕ ಬೇಕಾದರೆ ಕಡಿಮೆ ಮಾಡಿ."

ಮೇಡಂ ಹಾಳೆಯ ಮೇಲೆ ಅಂಕ ಬರೆದರು. ಎಷ್ಟು ಬರೆದರು ಎಂದು ಅವಳಿಗೆ ಕಾಣಲಿಲ್ಲ, ಬಗ್ಗಿ ನೋಡಲೂ ಇಲ್ಲ. ಅವರು ಮೇಜಿನ ಮೇಲಿದ್ದ ಆ ಕಾಗದವನ್ನು ಎತ್ತಿಕೊಂಡು ಹರಿಯಲು ಹೊರಟಾಗ ಮಾತ್ರ ಮುಂದೆ ಬಂದಳು.

"ಹರಿಯಬೇಡಿ ಮೇಡಂ. ಕೊಡಿ, ಸೈನ್ ಹಾಕುತ್ತೇನೆ."

"ಈಗ ಯಾಕೆ?" ಎಂದು ಮೇಡಂ ಬೆರಗಾದರು. ಕುಷ್ಟನೂ ಕುರ್ಚಿಯಿಂದ ಅರ್ಧ ಎದ್ದ.

ಬೆಳ್ಳಿ ಪೆನ್ನು ತೆಗೆದು ಮೊದಲ ಸಾಲನ್ನು ಕಾಟು ಹೊಡೆದಳು. 'ಕ್ಷಮಿಸಬೇಕು' ಎಂಬುದನ್ನೂ ಹೊಡೆದಳು. ಉಳಿದದ್ದು ನಡುವಿನ ಒಂದೇ ಸಾಲು. ಆ ಚುಕ್ಕಿಗಳ ಮೇಲೆ ದಪ್ಪ ಅಕ್ಷರದಲ್ಲಿ 'ನನ್ನ ಅಪ್ಪಯ್ಯ ಕುಷ್ಟ ಮೊಗವೀರ, ಬೀಜಾಡಿ' ಎಂದು ಬರೆದು, ಕೆಳಗೆ ಪೂರ್ತಿ ಹೆಸರಿನ ಸೈನ್ ಹಾಕಿ, ಮೇಜಿನ ಮೇಲೆ ಲೀಲಾಧರ ಸರ್ ಕಡೆಗೆ ತಳ್ಳಿದಳು.

"ಫೈಲಿಗೆ ಹಾಕಿ ಸರ್."

ಹೊರಗೆ ಬಂದು ಬಸ್ಸಿಗೆ ಕಾಯುವಾಗ ಕುಷ್ಟ ಕೇಳಿದ, "ಎಂತ ಬರ್ದ್ ಕೊಟ್ಟೆ ಹೆಣ್ಣೆ?"

"ಯಾರನ್ನ್ ಕಂಡ್ ಕಲ್ತೆ ಅಂತ ಕೇಳಿದ್ರಲ್ದಾ ಅಪ್ಪಯ್ಯ. ಅವ್ರ್ ಹೆಸ್ರ್ ಬರ್ದೆ."