ಖಾಲಿ ಡ್ರಮ್ಮಿಗೆ ಬಿದ್ದ ನೀರು

ಶುಕ್ರವಾರ ಜುಮಾ ನಮಾಜು ಮುಗಿಯುವ ಹೊತ್ತಿಗೆ ಕುವೈತಿನ ಮಂಗಫ್‌ನ ನಾಲ್ಕನೇ ಮಹಡಿಯ ಆ ಮನೆಯ ಬೆಲ್ ಆಯಿತು. ಹರಿಣಾಕ್ಷಿ ಬಾಗಿಲು ತೆಗೆದಾಗ ಎದುರಿಗಿದ್ದವನು ಯೂಜಿನ್, ಗಂಡ ಭೋಜ ಕೆಲಸ ಮಾಡುವ ಕಂಪನಿಯಲ್ಲೇ ಇರುವ ಕಿನ್ನಿಗೋಳಿಯವನು. ಅವನ ಹಿಂದೆ ಒಬ್ಬ ಬಿಳಿಯ ಸಾಹೇಬ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಆ ಟೋಪಿ ಕೈಯಲ್ಲಿರುವುದನ್ನು ಕಂಡೇ, ಸಾವಿನ ಸುದ್ದಿಯೆಂದು ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಹಾಗೆಂತ ಇಲ್ಲ ಅಕ್ಕ," ಯೂಜಿನ್ ಗಡಿಬಿಡಿಯಿಂದ ಹೇಳಿದ. "ಭೋಜಣ್ಣನ ಜೀವ ಉಂಟು. ಉಂಟು ಅಂತ ಹೇಳ್ತಿದ್ದಾರೆ."

"ಯಾರು ಹೇಳ್ತಿದ್ದಾರೆ?"

ಯೂಜಿನ್ ಸಾಹೇಬನ ಮುಖ ನೋಡಿದ.

ಭೋಜ ಹದಿನೇಳು ವರ್ಷ ಸೈನ್ಯದಲ್ಲಿ ಲಾರಿ ಓಡಿಸಿದವನು. ಕಾರ್ಗಿಲ್ ಮುಗಿದ ಮೇಲೆ ಪಿಂಚಣಿ ತೆಗೆದುಕೊಂಡು ಊರಿಗೆ ಬಂದ. ಆರು ತಿಂಗಳು ಕೂತು ಬೇಸರವಾಗಿ, ಮಾಜಿ ಸೈನಿಕರನ್ನು ಹುಡುಕಿಕೊಂಡು ಮಂಗಳೂರಿಗೆ ಬಂದ ಏಜೆಂಟನ ಕೈಗೆ ಪಾಸ್‌ಪೋರ್ಟ್ ಕೊಟ್ಟ. ಕುವೈತಿನಲ್ಲಿ ಮೊದಲ ವರ್ಷ ಗೋದಾಮಿನ ಬಾಗಿಲು ಕಾಯುವ ಕೆಲಸ, ಕೈಯಲ್ಲಿ ಬರೀ ಕೋಲು. ಪಕ್ಕದ ಇರಾಕಿನಲ್ಲಿ ಯುದ್ಧ ಶುರುವಾದ ಮೇಲೆ ಕೋಲಿನ ಜಾಗಕ್ಕೆ ಬಂದೂಕು ಬಂತು. ಈಗ ಒಂದು ವರ್ಷದಿಂದ, ಸಾಮಾನು ಹೊತ್ತ ಲಾರಿಗಳ ಹಿಂದೆ ಜೀಪಿನಲ್ಲಿ ಕಾವಲು ಹೋಗುವುದು. "ಬಾರ್ಡರ್ ತನಕ ಮಾತ್ರ," ಎಂದಿದ್ದ. ಬೆನ್ನಿಗೆ ಎಣ್ಣೆ ಹಚ್ಚುವಾಗ ಅವನ ಎರಡೂ ಹೆಗಲ ಮೇಲೆ ಗುಂಡು ತಡೆಯುವ ಭಾರದ ಜಾಕೆಟ್ಟಿನ ಪಟ್ಟಿ ಒತ್ತಿದ ಗುರುತುಗಳಿದ್ದವು. ಬಾರ್ಡರ್ ತನಕ ಹೋಗಿ ಬರುವವನಿಗೆ ಅಷ್ಟು ಆಳದ ಗುರುತು ಬೀಳುವುದಿಲ್ಲ. ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅದೊಂದು ಅಭ್ಯಾಸವಾಗಿಬಿಟ್ಟಿತ್ತು.

ಸಾಹೇಬ ಇಂಗ್ಲಿಷಿನಲ್ಲಿ ಹೇಳಿದ, ಯೂಜಿನ್ ಕನ್ನಡ ಮಾಡಿದ. ಬುಧವಾರ ಇರಾಕಿನೊಳಗೆ ಭೋಜ ಇದ್ದ ಕೊನೆಯ ಜೀಪಿನ ಟೈರು ಹೋಯಿತು. ಮುಂದಿನವರು ತಿರುಗಿ ಬರುವಷ್ಟರಲ್ಲಿ ಭೋಜನನ್ನು ಯಾರೋ ಎತ್ತಿಕೊಂಡು ಹೋಗಿದ್ದರು. ನಿನ್ನೆ ಅಲ್ಲಿಯ ಒಬ್ಬ ಶೇಖ್ ಫೋನು ಮಾಡಿ, ನಿಮ್ಮವನು ಬದುಕಿದ್ದಾನೆ, ಮಾತಾಡೋಣ ಎಂದಿದ್ದಾನೆ. ಆದರೆ ಸತ್ತವರನ್ನೂ ಬದುಕಿದ್ದಾರೆಂದು ಹೇಳಿ ವ್ಯಾಪಾರಕ್ಕಿಳಿಯುವವರು ಅಲ್ಲಿದ್ದಾರೆ. ಅದಕ್ಕೇ ಕೆಲಸಕ್ಕೆ ಸೇರಿದ ದಿನ ಪ್ರತಿಯೊಬ್ಬನೂ ಒಂದು ಫಾರಂ ತುಂಬಿಸಬೇಕು, ತನಗೆ ಮಾತ್ರ ಗೊತ್ತಿರುವ ನಾಲ್ಕು ಸಂಗತಿ ಬರೆದು. ಅದನ್ನೇ ಕೇಳಿ ಕಳಿಸಿ, ಬಂದ ಉತ್ತರ ತಾಳೆ ನೋಡುವ ಕ್ರಮ.

"ಹಾಗಾದ್ರೆ ಕೇಳಿ ಕಳಿಸಿ!"

ಯೂಜಿನ್ ತಲೆ ತಗ್ಗಿಸಿದ. "ಆ ಫಾರಂ ಪ್ರಯೋಜನಕ್ಕಿಲ್ಲ ಅಕ್ಕ. ಇಂಗ್ಲಿಷ್ ಬರ್ತದೆ ಅಂತ ಎಲ್ಲರೂ ನಂಗೇ ಕೊಟ್ರು. ಬಸ್ಸಲ್ಲೇ ಐದು ಜನರದ್ದೂ ನಾನೇ ಗೀಚಿದ್ದು. ಐವರ ನಾಯಿಯ ಹೆಸರೂ ಟಾಮಿ. ಐವರ ಮೊದಲ ಸ್ಕೂಟರೂ ಚೇತಕ್."

"ನಮಗೆ ನಾಯಿಯೇ ಇರ್ಲಿಲ್ಲ, ಯೂಜಿನ್."

"ನಂಗೂ ಇರ್ಲಿಲ್ಲ ಅಕ್ಕ."

ಈಗ ಪ್ರಶ್ನೆಯನ್ನು ಅವಳೇ ಕೊಡಬೇಕು. ಉತ್ತರ ಬರೆದು ಲಕೋಟೆಯಲ್ಲಿ ಅಂಟಿಸಿಡಬೇಕು. ತಾಳೆಯಾದರೆ ಮಾತುಕತೆ ಮುಂದೆ ಹೋಗುತ್ತದೆ. ಆಗದಿದ್ದರೆ ಖಲಾಸ್, ಕಂಪನಿ ಅಲ್ಲಿಗೇ ಕೈಬಿಡುತ್ತದೆ.

ಮದುವೆಯ ತಾರೀಕು ಎಂದಳು. ಅದು ಅವನ ಕಾಗದಪತ್ರದಲ್ಲಿರುತ್ತದೆ ಎಂದ ಸಾಹೇಬ. ಮಗಳು ಅಕ್ಷಿತಾಳ ಕೆನ್ನೆಯ ಮಚ್ಚೆ. ಅದು ಪರ್ಸಿನ ಫೋಟೋದಲ್ಲಿದೆ. ಅತ್ತೆಯ ಹೆಸರು ಜೊತೆಯವರಿಗೆಲ್ಲ ಗೊತ್ತು. ಹರಿಣಾಕ್ಷಿಗೆ ದಿಗಿಲಾಯಿತು. ಹೆಚ್ಚಾಗಿ ವರ್ಷಕ್ಕೆ ಎರಡು ತಿಂಗಳ ರಜೆಯಲ್ಲಿ ನೆಂಟರಿಷ್ಟರ ನಡುವೆ ಕಳೆದ ಬಾಳಿನಲ್ಲಿ ಅವರಿಬ್ಬರದೇ ಎನ್ನುವಂಥದ್ದು ಏನಿತ್ತು?

ಒಂದಿತ್ತು.

ತೊಂಬತ್ತೊಂಬತ್ತನೇ ಇಸವಿ, ಅಂಬಾಲಾದ ಕ್ವಾರ್ಟರ್ಸು. ಭೋಜ ಕಾರ್ಗಿಲ್‌ನಿಂದ ಬಂದು ಮೂರು ದಿನವಾಗಿತ್ತು. ತನ್ನ ಲಾರಿಯಲ್ಲಿ ಅಲ್ಲಿಂದ ಏನನ್ನು ಇಳಿಸಿ ತಂದನೆಂದು ಅವನು ಹೇಳಿರಲಿಲ್ಲ. ಬೆಳಿಗ್ಗೆ ಸ್ನಾನದ ಕೋಣೆಗೆ ಹೋದವನು ಅಳತೊಡಗಿದ. ಗಂಡಸು ಹಾಗೆ ಅಳುವುದನ್ನು ಅವಳು ಅದುವರೆಗೆ ಕೇಳಿರಲಿಲ್ಲ. ಗೋಡೆ ತೆಳು, ಆಚೆ ಹರಿಯಾಣದ ಹವಾಲ್ದಾರನ ಸಂಸಾರ. ಅವಳು ಅಂಗಳಕ್ಕೆ ಓಡಿ ನಲ್ಲಿಯ ಕೆಳಗೆ ಖಾಲಿ ತಗಡಿನ ಡ್ರಮ್ ಇಟ್ಟು ಪೂರ್ತಿ ತಿರುಗಿಸಿಬಿಟ್ಟಳು. ಡ್ರಮ್ ತುಂಬುತ್ತ ಬಂದಾಗ ಸದ್ದು ಸಣ್ಣಗಾಗುತ್ತದೆ. ಉರುಳಿಸಿ ಚೆಲ್ಲಿ ಮತ್ತೆ ಇಟ್ಟಳು. ಹಾಗೆ ಮೂರು ಸಲ. ನೀರು ಹರಿದು ಹೋಗಿ ಪಕ್ಕದವಳು ಬಿಸಿಲಿಗೆ ಹರವಿದ ಗೋಧಿಯೆಲ್ಲ ಒದ್ದೆಯಾಯಿತು. ಅವಳು ಜಗಳಕ್ಕೆ ಬಂದಾಗ ಹರಿಣಾಕ್ಷಿ ತನ್ನ ಹರಕು ಹಿಂದಿಯಲ್ಲಿ, "ನೀರು ಎಂಟಕ್ಕೆ ನಿಲ್ಲುತ್ತದಂತೆ, ತುಂಬಿಸಿಡುತ್ತಿದ್ದೆ," ಎಂದು ಸುಳ್ಳು ಹೇಳಿದ್ದಳು. ಭೋಜ ಹೊರಗೆ ಬಂದು ಕಾಫಿ ಕುಡಿದು ಡ್ಯೂಟಿಗೆ ಹೋದ. ಅದರ ಮಾತು ಮತ್ತೆಂದೂ ಬರಲಿಲ್ಲ.

ಅವಳು ಕಾಗದದಲ್ಲಿ ಬರೆದಳು: 'ಅಂಬಾಲಾದಲ್ಲಿ ಒಂದು ಬೆಳಿಗ್ಗೆ ನಾನು ನಲ್ಲಿ ಬಿಟ್ಟದ್ದು ಯಾಕೆ?' ಉತ್ತರದ ಚೀಟಿಯಲ್ಲಿ ಬರೆದಳು: 'ನೀವು ಅಳುವುದು ಹೊರಗೆ ಕೇಳಬಾರದೆಂದು.' ಯೂಜಿನ್ ಅದನ್ನು ಇಂಗ್ಲಿಷಿಗೆ ಮಾಡಿದ. ಓದಿದ ಮೇಲೆ ಅವಳ ಮುಖ ನೋಡಲಿಲ್ಲ.

ಅವರು ಹೋದ ಮೇಲೆ ಹೆದರಿಕೆ ಶುರುವಾಯಿತು. ನಾನು ಬಿಟ್ಟ ನೀರು ಅವನಿಗೆ ಕೇಳಿತ್ತೋ ಇಲ್ಲವೋ? ಕೇಳಿದ್ದರೂ ನೆನಪುಂಟೋ? ನೆನಪಿದ್ದರೂ ಹೇಳಿಯಾನೇ? ಬೆರಳು ಜಜ್ಜಿಹೋದರೂ ಮುಖ ಹಿಂಡದ ಮನುಷ್ಯ, ಬಂದೂಕು ಹಿಡಿದು ಸುತ್ತ ನಿಂತವರ ಮುಂದೆ, ಅವತ್ತು ನಾನು ಅತ್ತಿದ್ದೆ ಎಂದಾನೇ? ಅವಳು ಯೂಜಿನ್‌ಗೆ ಫೋನು ಮಾಡಿದಳು. "ಪ್ರಶ್ನೆ ಬದಲು ಮಾಡು. ಬೇರೆ ಕೊಡ್ತೇನೆ."

"ಹೋಗಿ ಆಯ್ತಲ್ಲ ಅಕ್ಕ."

ಎರಡು ದಿನ ಕೆಳಗಿನ ಮನೆಯ ಜೈನಬಕ್ಕ ಅವಳ ಜೊತೆಗೇ ಇದ್ದಳು. ಅವಳ ಗಂಡ ಇದಿನಬ್ಬನಿಗೆ ಬೀದಿಯ ಮೂಲೆಯಲ್ಲಿ ಅಂಗಡಿ. "ಬಾಯಿಗೆ ಎಂತಾದ್ರೂ ಹಾಕು ಮಾರಾಯ್ತಿ. ಅವರು ಬರುವಾಗ ನೀನು ಆಸ್ಪತ್ರೆಯಲ್ಲಿದ್ರೆ ನಾನೆಂತ ಜವಾಬು ಕೊಡ್ಲಿ?" ಎಂದು ಗದರಿ ಗಂಜಿ ಕುಡಿಸಿದಳು. ಶನಿವಾರ ಅಕ್ಷಿತಾ ಶಾಲೆಯಿಂದ ಬಂದವಳು "ಪಪ್ಪಾ ಕಮಿಂಗ್ ಟುಡೇ?" ಎಂದು ಕೇಳಿದಳು. ಹರಿಣಾಕ್ಷಿ ರುಮೈಥಿಯಾದ ಮಕ್ಕಳ ನರ್ಸರಿಯಲ್ಲಿನ ತನ್ನ ಕೆಲಸಕ್ಕೆ ರಜೆ ಹೇಳಿ, ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ಭಾನುವಾರ ಮಧ್ಯಾಹ್ನ ಇಬ್ಬರೂ ಮತ್ತೆ ಬಂದರು. ಸಾಹೇಬನ ಕೈಯಲ್ಲಿ ತೆರೆದ ಲಕೋಟೆ. ಯೂಜಿನ್‌ನ ಕಣ್ಣು ಕೆಂಪಾಗಿತ್ತು.

"ತಾಳೆ ಆಗ್ಲಿಲ್ಲ ಅಕ್ಕ."

"ಎಂತ ಬಂದಿದೆ ಅದನ್ನು ಹೇಳು."

"ಬರೇ ಎಂತದೋ. ನೀರು ಎಂಟು ಗಂಟೆಗೆ ನಿಲ್ಲುತ್ತಿತ್ತು, ಅದಕ್ಕೆ ಅಂತ."

ಹರಿಣಾಕ್ಷಿ ಎದ್ದು ನಿಂತಳು. ಜೈನಬಕ್ಕ ಅವಳ ತೋಳು ಹಿಡಿದುಕೊಂಡಳು.

"ಅವರೇ!" ಎಂದಳು ಹರಿಣಾಕ್ಷಿ. "ಯೂಜಿನ್, ಅದು ಅವರೇ. ಅದು ನಾನು ಪಕ್ಕದ ಮನೆಯವಳಿಗೆ ಹೇಳಿದ ಸುಳ್ಳು. ಅವರು ಒಳಗೆ ಬಾಗಿಲ ಹಿಂದೆ ಇದ್ರು. ಕೇಳಿಸಿಕೊಂಡಿದ್ದಾರೆ. ಇಷ್ಟು ವರ್ಷ ಗೊತ್ತಿತ್ತು ಅವರಿಗೆ!"

ಯೂಜಿನ್ ಅದನ್ನು ಸಾಹೇಬನಿಗೆ ಇಂಗ್ಲಿಷಿನಲ್ಲಿ ಹೇಳಿದ. ಸಾಹೇಬ ಇಲ್ಲವೆಂದು ತಲೆಯಾಡಿಸಿದ. ಹೆಂಡತಿಯರು ಯಾವ ಉತ್ತರ ಬಂದರೂ ಅದು ಅವರೇ ಎನ್ನುತ್ತಾರೆ, ಇದನ್ನು ತಾನು ಬಹಳ ಮನೆಗಳಲ್ಲಿ ಕಂಡಿದ್ದೇನೆ ಎಂದ. ಆ ಮಾತಿನಲ್ಲಿ ಗಡಸುತನ ಇರಲಿಲ್ಲ. ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಅದೇ.

"ಅಳುತ್ತಿದ್ದೆ ಅಂತ ಅವರು ಹೇಗೆ ಹೇಳಿಯಾರು? ಯಾರ ಹತ್ತಿರ ಹೇಳಿಯಾರು? ನಾನೇ ತಪ್ಪು ಉತ್ತರ ಬರೆದದ್ದು. ಕೇಳು ಸಾಹೇಬನ ಹತ್ತಿರ, ಇನ್ನೆಂತ ಬಂದಿದೆ ಕೇಳು!"

ಸಾಹೇಬ ಕಿಸೆಯಿಂದ, ಅಲ್ಲಿಂದ ಬಂದ ಉತ್ತರವನ್ನೆಲ್ಲ ಬರೆದುಕೊಂಡಿದ್ದ ಇನ್ನೊಂದು ಚೀಟಿ ತೆಗೆದು, ಅದನ್ನು ಅಂಗೈಯಲ್ಲಿ ಮರೆಮಾಡಿಕೊಂಡೇ ಓದಿದ. ಆಮೇಲೆ ಅವಳನ್ನೇ ನೋಡುತ್ತ ನಿಧಾನವಾಗಿ ಕೇಳಿದ. ಯೂಜಿನ್ ಅದನ್ನು ಕನ್ನಡ ಮಾಡಿದ. "ಪಕ್ಕದ ಮನೆಯವಳದ್ದು ಏನು ಹಾಳಾಯ್ತು ಅಂತ ಕೇಳ್ತಿದ್ದಾರೆ ಅಕ್ಕ."

"ಗೋಧಿ," ಎಂದಳು ಹರಿಣಾಕ್ಷಿ. "ಒಣಗಲಿಕ್ಕೆ ಹಾಕಿದ ಗೋಧಿ."

ಯೂಜಿನ್ ಇಂಗ್ಲಿಷಿಗೆ ಮಾಡುವ ಮೊದಲೇ ಸಾಹೇಬನಿಗೆ ಅವಳ ದನಿ ಅರ್ಥವಾದಂತಿತ್ತು. ಆದರೂ ಮಾತು ಮುಗಿಯುವ ತನಕ ಕಾದ. ಚೀಟಿಯನ್ನು ಮಡಚಿ ಕಿಸೆಗಿಟ್ಟ. ಫೋನು ತೆಗೆದು ಮೆಟ್ಟಿಲಿಳಿಯುತ್ತಲೇ ಯಾರೊಂದಿಗೋ ಜೋರಾಗಿ ಮಾತಾಡತೊಡಗಿದ.

ಭೋಜ ಬಂದದ್ದು ಒಂಬತ್ತು ದಿನ ಕಳೆದು, ಒಂದು ಸಂಜೆ. ಗಡ್ಡ ಬೆಳೆದಿತ್ತು, ಎಡಗಣ್ಣಿನ ಕೆಳಗೆ ಹಳದಿಗಟ್ಟಿದ ಪೆಟ್ಟು. ಅಕ್ಷಿತಾ "ಪಪ್ಪಾ, ಯು ಲುಕ್ ಫನ್ನಿ," ಎಂದಾಗ ನಕ್ಕ. ಕೆಲಸ ಬಿಟ್ಟ ಕಾಗದಕ್ಕೆ ಸಹಿ ಹಾಕಿ ಬಂದೆ ಎಂದಷ್ಟೇ ಹೇಳಿ, ಟವೆಲ್ ತೆಗೆದುಕೊಂಡು ಸ್ನಾನದ ಕೋಣೆಗೆ ಹೋದ. ಚಿಲಕ ಬಿದ್ದ ಸ್ವಲ್ಪ ಹೊತ್ತಿಗೆ ಹರಿಣಾಕ್ಷಿ ಅಡುಗೆಮನೆಗೆ ಹೋಗಿ, ಸ್ಟೀಲಿನ ದೊಡ್ಡ ಪಾತ್ರೆಯನ್ನು ಬರಿದು ಮಾಡಿ ನಲ್ಲಿಯ ಕೆಳಗಿಟ್ಟು ಪೂರ್ತಿ ತಿರುಗಿಸಿದಳು. ತುಂಬಿತು, ಚೆಲ್ಲಿದಳು, ಮತ್ತೆ ಇಟ್ಟಳು.

ಅರ್ಧ ಗಂಟೆ ಕಳೆದು ಜೈನಬಕ್ಕ ಮೇಲೆ ಬಂದಳು. "ಎಂತದು ಹರಿಣಾಕ್ಷಿ, ಇಷ್ಟು ನೀರು? ನಮ್ಮ ಗೋಡೆಯ ಪೈಪೆಲ್ಲ ನಡುಗ್ತಾ ಉಂಟು."

"ಏಳು ಗಂಟೆಗೆ ನೀರು ನಿಲ್ತದಂತೆ ಜೈನಬಕ್ಕ," ಹರಿಣಾಕ್ಷಿ ಹೊಸ್ತಿಲಲ್ಲೇ ನಿಂತು ಹೇಳಿದಳು. "ತುಂಬಿಸಿಡ್ತಿದ್ದೇನೆ."

ಇಪ್ಪತ್ತು ವರ್ಷದಿಂದ ಆ ಕಟ್ಟಡದಲ್ಲಿದ್ದ ಜೈನಬಕ್ಕ, ಇರಾಕಿನ ಸೈನ್ಯ ಒಳನುಗ್ಗಿದ ವರ್ಷ ಬಿಟ್ಟರೆ ಅಲ್ಲಿ ನೀರು ನಿಂತದ್ದನ್ನು ಕಂಡವಳಲ್ಲ. ಅವಳು ಹರಿಣಾಕ್ಷಿಯ ಮುಖ ನೋಡಿದಳು. ಒಳಗಿನ ಮುಚ್ಚಿದ ಬಾಗಿಲನ್ನು ನೋಡಿದಳು.

"ಹೌದಾ?" ಎಂದಳು. "ಹಾಗಾದ್ರೆ ನಾನೂ ತುಂಬಿಸಿಡ್ಬೇಕು ಮಾರಾಯ್ತಿ."

ಅವಳು ಇಳಿದು ಹೋದ ಸ್ವಲ್ಪ ಹೊತ್ತಿಗೆ ಕೆಳಗಿನ ಮನೆಯಲ್ಲೂ, ಯಾವುದೋ ಖಾಲಿ ಪಾತ್ರೆಯೊಳಗೆ, ನೀರು ಧೋ ಎಂದು ಬೀಳತೊಡಗಿತು.